ಕಾಕುವಿನ ಮಡಿ, ನನ್ನ ತೆಳ್ಳನೆಯ ಫೋನು

ನಾನು ಸುಲಭಕ್ಕೆ ಬೆಚ್ಚಿಬೀಳುವ ಮನುಷ್ಯ. ಇಪ್ಪತ್ತೆಂಟು ವರ್ಷದಿಂದ ಗಣಿತ ಕಲಿಸುತ್ತಿರುವ ಶಾಲೆಯ ಗಂಟೆ ಬಾರಿಸಿದರೂ ಒಮ್ಮೊಮ್ಮೆ ಎದೆ ಧಸಕ್ ಅನ್ನುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಕಳೆದ ತಿಂಗಳು ಕೊಂಡ ಒಂದು ತೆಳ್ಳನೆಯ ಫೋನು ನನ್ನನ್ನು ಎಷ್ಟು ಸಲ ಬೆಚ್ಚಿಬೀಳಿಸಿತು ಎಂದು ಹೇಳಹೊರಟರೆ, ನೀವು ಫೋನಿನ ಮೇಲೆ ತಪ್ಪು ಹೊರಿಸಬಾರದು ನೋಡಿ.

ಮೊದಲನೆಯ ಸಲ ಅಂಗಡಿಯಲ್ಲೇ. ಸಿಂದಗಿ ಬಸ್‌ಸ್ಟ್ಯಾಂಡಿನ ಎದುರಿಗೆ ಮೊಬೈಲ್ ಅಂಗಡಿ ಇಟ್ಟಿರುವ ಮಲ್ಲಣ್ಣ ಅದನ್ನು ನನ್ನ ಅಂಗೈಮೇಲೆ ಇಟ್ಟ. ನಾನು ಹಿಂದೆ ಮುಂದೆ ಹೊರಳಿಸಿ ನೋಡಿ, "ಒಳಗಿನ ಸಾಮಾನು ಹಾಕಿ ತೋರಸ್ರಿ ಮಲ್ಲಣ್ಣ, ಬರೇ ಡಬ್ಬಿ ನೋಡಿ ಏನು ಮಾಡ್ಲಿ?" ಅಂದೆ. ಅವನು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ.

"ಸರ್, ಇದ ಫೋನ್ರಿ. ಒಳಗ ಎಲ್ಲಾ ಐತ್ರಿ."

ನಾನು ಹೌಹಾರಿದೆ. ನಮ್ಮ ಮನೆಯ ಖಡಕ್ ರೊಟ್ಟಿ ಅದಕ್ಕಿಂತ ದಪ್ಪ. ಎಲ್ಲಿ ಮುರಿದುಬಿಡುತ್ತದೋ ಎಂದು ಎರಡೂ ಕೈಯಿಂದ ಹಿಡಿದುಕೊಂಡೆ. ಇಷ್ಟು ನಾಜೂಕಿನ ವಸ್ತು ನಮ್ಮಂಥ ಮಾಸ್ತರರಿಗೆ ಎಟಕುವುದಲ್ಲ ಎಂದು ಎದ್ದು ಹೊರಟವನಿಗೆ ಅವನು ಬೆಲೆ ಹೇಳಿದ. ಅದು ಎಟಕುವಂತಿತ್ತು! ಎರಡನೆಯ ಸಲ ದಂಗಾಗಿ ಮತ್ತೆ ಸ್ಟೂಲಿನ ಮೇಲೆ ಕೂತೆ.

ಕೊಳ್ಳಲೇಬೇಕಾಗಿತ್ತು. ಮನೆಯಲ್ಲಿದ್ದ ಹಳೆಯ ಗುಂಡಿಯ ಫೋನು ಸತ್ತು ಮೂರು ದಿನವಾಗಿತ್ತು. ಮೂರು ದಿನದಿಂದ ನಮ್ಮ ಕಾಕು ತನ್ನ ತಂಗಿಯ ದನಿ ಕೇಳಿರಲಿಲ್ಲ. ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ನನ್ನನ್ನು ಸಾಕಿದವಳು. ಅವಳ ತಂಗಿ ಸಿಂಧೂ ಮಾವಶಿ ಕೊಲ್ಹಾರದಲ್ಲಿದ್ದಾಳೆ. ಇಬ್ಬರೂ ಹುಟ್ಟಿದ ಮನೆ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಯಿತು. ಈಗ ತವರು ಅಂತ ಉಳಿದಿರುವುದು ದಿನಾ ಬೆಳಿಗ್ಗೆ ಎಂಟಕ್ಕೆ ಬರುವ ಆ ಒಂದು ಫೋನ್ ಕರೆ ಮಾತ್ರ.

ಹೊಸ ಫೋನು ಕೊಂಡ ಸುದ್ದಿ ಸ್ಟಾಫ್‌ರೂಮಿಗೆ ತಲುಪಿದ್ದೇ ತಡ, ವಿಜ್ಞಾನದ ಬಿರಾದಾರ ಸರ್ ನನ್ನನ್ನು ಹಿಡಿದುಕೊಂಡರು. ಅವರು ಬಸವನ ಬಾಗೇವಾಡಿಯವರು, ಯಾವ ವಸ್ತುವನ್ನೂ ಇನ್ನೊಬ್ಬರು ಬಳಸಿ ನೋಡುವವರೆಗೆ ತಾವು ಕೊಳ್ಳುವುದಿಲ್ಲ. "ಸರ್, ನೀವು ಹದಿನೈದು ದಿನ ನೋಡ್ರಿ. ದಿನಬಳಕೆಗೆ ಹೆಂಗೈತಿ ಹೇಳ್ರಿ. ಆಮ್ಯಾಲೆ ನಾ ತಗೋತೇನಿ" ಅಂದರು. ಪರೀಕ್ಷೆಯ ಪೇಪರು ತಿದ್ದಿ ತಿದ್ದಿ ಕೆಂಪು ಪೆನ್ನಿನ ಚಟ ಹತ್ತಿದ ಮನುಷ್ಯನಿಗೆ ಇಷ್ಟು ಸಾಕಾಯಿತು. ಒಂದು ಹಾಳೆಯ ಮೇಲೆ ಗೆರೆ ಎಳೆದೆ. ಕ್ಯಾಮೆರಾ, ಬ್ಯಾಟರಿ, ವೇಗ, ಸ್ಪೀಕರ್, ಕೊನೆಗೆ ದಿನಬಳಕೆ, ಒಂದೊಂದಕ್ಕೂ ಇಪ್ಪತ್ತು ಅಂಕ. ಜಗತ್ತಿನಲ್ಲಿ ಫೋನಿಗೆ ಅಂಕಪಟ್ಟಿ ತಯಾರಿಸಿದ ಮೊದಲ ಮಾಸ್ತರ ನಾನೇ ಇರಬೇಕೆಂದು ಸ್ವಲ್ಪ ಜಂಬವೂ ಬಂತು.

ಕ್ಯಾಮೆರಾದಿಂದಲೇ ಶುರು ಮಾಡಿದೆ. ನನ್ನ ಫೋಟೋ ನಾನೇ ತೆಗೆದು ನೋಡಿ ಗಾಬರಿಯಾದೆ. ಪರದೆಯ ಮೇಲೆ ಯಾರೋ ಬೆಳ್ಳಗಿನ, ಕೆನ್ನೆ ನುಣುಪಾದ, ಹಸೆಮಣೆ ಏರಲು ಸಿದ್ಧನಾದ ಗಂಡಸು ನಿಂತಿದ್ದ. ಸುಕ್ಕು ಇಲ್ಲ, ಕಣ್ಣ ಕೆಳಗಿನ ಚೀಲ ಇಲ್ಲ. ಅದೆಲ್ಲ ಹೋದದ್ದಕ್ಕೆ ನನ್ನ ತಕರಾರೇನೂ ಇರಲಿಲ್ಲ. ಆದರೆ ಗದ್ದದ ಮೇಲಿನ ಗಾಯದ ಗುರುತೂ ಇರಲಿಲ್ಲ! ಎಂಟನೆಯ ವಯಸ್ಸಿನಿಂದ ನನ್ನ ಜೊತೆಗಿರುವ ಗುರುತು ಅದು. ಎಲ್ಲ ಅರ್ಜಿಗಳಲ್ಲಿ 'ದೇಹದ ಮೇಲಿನ ಗುರುತು' ಎಂಬ ಕಡೆ ಅದನ್ನೇ ಬರೆದಿದ್ದೇನೆ. ಒಂದು ಸಣ್ಣ ಯಂತ್ರ ಕೇಳದೆ ಹೇಳದೆ ಅದನ್ನು ಒರೆಸಿಹಾಕಿತ್ತು. ಹೆಂಡತಿಗೆ ತೋರಿಸಿದೆ. ಅವಳು ಇಂಡಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಕಲಿಸುತ್ತಾಳೆ, ಬೆಳಿಗ್ಗೆ ಏಳರ ಬಸ್ಸಿಗೆ ಹೋಗುವ ಅವಸರದಲ್ಲಿದ್ದಳು. "ಯಾರಿವರು? ಛಲೋ ಅದಾರಲ್ಲ" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಕ್ಯಾಮೆರಾಕ್ಕೆ ಹನ್ನೊಂದು ಕೊಟ್ಟೆ.

ತೆಳ್ಳಗಿರುವುದು ಗುಣವೋ ಅವಗುಣವೋ ಎಂಬುದು ಅದೇ ವಾರ ಮುದ್ದೇಬಿಹಾಳಕ್ಕೆ ಮದುವೆಗೆ ಹೋಗುವಾಗ ಬಸ್ಸಿನಲ್ಲಿ ಗೊತ್ತಾಯಿತು. ತಾಳಿಕೋಟೆ ದಾಟಿದ ಮೇಲೆ ಕಿಸೆ ಮುಟ್ಟಿಕೊಂಡರೆ ಫೋನಿಲ್ಲ. ಎದ್ದು ನಿಂತು ಕೂಗಿದೆ. ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸಿದ. ಹೆಂಗಸರು ಕಾಲು ಎತ್ತಿ ಕೂತರು. ಸೀಟಿನ ಕೆಳಗೆ ಯಾರದೋ ಬದನೆಕಾಯಿಯ ಚೀಲವನ್ನೂ ಬಿಡದೆ ಹುಡುಕಿದ್ದಾಯಿತು. ಕೊನೆಗೆ ಪಕ್ಕದವರ ಫೋನಿನಿಂದ ನನ್ನ ನಂಬರಿಗೆ ಹಚ್ಚಿದರೆ, ನನ್ನದೇ ಕಂಕುಳಲ್ಲಿ ಮಡಚಿ ಹಿಡಿದಿದ್ದ ದಿನಪತ್ರಿಕೆ ರಿಂಗಾಯಿತು. ಕಂಡಕ್ಟರು ಹಣೆ ಒರೆಸಿಕೊಳ್ಳುತ್ತ, "ಸರ್, ಕೈಗೆ ಸಿಗುವಂಥಾದ್ದು ತಗೋಬೇಕಿತ್ರಿ" ಅಂದ. ಮುದ್ದೇಬಿಹಾಳ ಬರುವವರೆಗೆ ನಾನು ಕಿಟಕಿಯ ಆಚೆ ತೊಗರಿ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡಿದೆ.

ಇಂಟರ್ನೆಟ್ಟಿನಲ್ಲಿ ಫೋನುಗಳನ್ನು ಬಿಚ್ಚಿ ತೋರಿಸುವವರು ಕೊನೆಗೆ ಒಂದು ಮಾತು ಹೇಳುತ್ತಾರೆ, 'ದಿನಬಳಕೆಗೆ ಅಡ್ಡಿಯಿಲ್ಲ' ಎಂದು. ಯಾರ ದಿನ, ಎಂಥ ಬಳಕೆ ಎಂದು ಅವರನ್ನು ಕೇಳಬೇಕು ಅನಿಸುತ್ತದೆ. ಅವರ ಮನೆಗಳಲ್ಲಿ ಕಾಕು ಇರಲಿಕ್ಕಿಲ್ಲ. ಇದ್ದರೂ ಮಡಿಯಲ್ಲಿ ಅಡುಗೆ ಮಾಡುವ ಕಾಕು ಖಂಡಿತ ಇರಲಿಕ್ಕಿಲ್ಲ.

ನಮ್ಮ ಕಾಕುವಿನ ಮಡಿ ನಮ್ಮ ಓಣಿಗೆಲ್ಲ ಗೊತ್ತು. ಬೆಳಿಗ್ಗೆ ಐದಕ್ಕೆ ಸ್ನಾನ ಮಾಡಿ, ಒಣಗಿದ ಮಡಿ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟಳೆಂದರೆ, ದೇವರ ನೈವೇದ್ಯ ಮುಗಿಯುವವರೆಗೆ ಅವಳು ಯಾರನ್ನೂ, ಯಾವುದನ್ನೂ ಮುಟ್ಟುವಂತಿಲ್ಲ. ನಾವಂತೂ ಮುಟ್ಟುವಂತೆಯೇ ಇಲ್ಲ. ಶಾಸ್ತ್ರ ತಿಳಿದವರು ಯಾವ ಬಟ್ಟೆಗೆ ಮೈಲಿಗೆ ತಟ್ಟುತ್ತದೆ, ಯಾವುದಕ್ಕೆ ತಟ್ಟುವುದಿಲ್ಲ ಎಂದು ಉದ್ದಕ್ಕೆ ಹೇಳುತ್ತಾರೆ. ಉಣ್ಣೆಗೆ ರಿಯಾಯಿತಿ ಇದೆ, ರೇಷ್ಮೆಗೂ ಇದೆ. ಆದರೆ ಎಂಟು ವರ್ಷದ ಹುಡುಗನಿಗೆ ಯಾವ ರಿಯಾಯಿತಿಯೂ ಇಲ್ಲ ಎಂಬುದನ್ನು ನಾನು ಸ್ವಂತ ಅನುಭವದಿಂದ ಕಲಿತೆ. ಮಾಳಿಗೆಯ ನಿಚ್ಚಣಿಕೆಯಿಂದ ಬಿದ್ದು, ಗದ್ದ ಒಡೆದುಕೊಂಡು, ಅಂಗಿ ತುಂಬ ರಕ್ತ ಸುರಿಸುತ್ತ ಅಡುಗೆಮನೆಗೆ ಓಡಿದ್ದೆ. ಕಾಕು ಎರಡು ಹೆಜ್ಜೆ ಹಿಂದೆ ಸರಿದು, "ಮುಟ್ಟಬ್ಯಾಡೋ, ಮಡಿಲೆ ಇದ್ದೀನಿ!" ಅಂದಳು. ಅಲ್ಲೇ ನಿಂತು ನನಗಿಂತ ಜೋರಾಗಿ ಅತ್ತಳು, ಓಣಿಯವರನ್ನೆಲ್ಲ ಕೂಗಿ ಕರೆದಳು. ಎತ್ತಿಕೊಂಡು ದವಾಖಾನೆಗೆ ಹೋದವರು ಪಕ್ಕದ ಮನೆಯವರು. ಅವಳ ಮೇಲೆ ನನಗೆ ಸಿಟ್ಟಿಲ್ಲ ಅಂತ ಐವತ್ನಾಲ್ಕನೆಯ ವಯಸ್ಸಿನವರೆಗೂ ಹೇಳಿಕೊಂಡು ಬಂದಿದ್ದೆ.

ಇಂಥ ಕಾಕು ಬೆಳಿಗ್ಗೆ ಎಂಟಕ್ಕೆ, ಮಡಿಯಲ್ಲಿ ಅಡುಗೆ ಮಾಡುತ್ತ, ತಂಗಿಯೊಡನೆ ಹೇಗೆ ಮಾತಾಡುತ್ತಿದ್ದಳು? ಅದಕ್ಕೊಂದು ಏರ್ಪಾಡಿತ್ತು. ಹಳೆಯ ಫೋನು ಅಡುಗೆಮನೆಯ ಹೊಸ್ತಿಲ ಹೊರಗೆ ಮಣೆಯ ಮೇಲೆ ಇರುತ್ತಿತ್ತು. ಗಂಟೆ ಬಾರಿಸಿದರೆ, ಅದೊಂದೇ ಕೆಲಸಕ್ಕೆಂದು ಬೇರೆ ಇಟ್ಟ ಕಟ್ಟಿಗೆಯ ಸೌಟಿನ ತುದಿಯಿಂದ ಕಾಕು ಹಸಿರು ಗುಂಡಿ ಒತ್ತುತ್ತಿದ್ದಳು, ಆಮೇಲೆ ಸ್ಪೀಕರಿನ ಗುಂಡಿ. ಆ ಫೋನಿನ ಗಂಟಲು ಎಂಥದೆಂದರೆ, ಕೊಲ್ಹಾರದಲ್ಲಿ ಯಾವ ಪಲ್ಯ ಬೇಯುತ್ತಿದೆ ಎಂಬುದು ಸಿಂದಗಿಯ ನಮ್ಮ ಓಣಿಗೆಲ್ಲ ಗೊತ್ತಾಗುತ್ತಿತ್ತು. ಆ ಕಡೆ ಮಾವಶಿಯೂ ಮಡಿಯಲ್ಲೇ. ಎರಡು ಊರಿನಲ್ಲಿ ಇಬ್ಬರು ಮುದುಕಿಯರು ಒಂದೇ ಒಲೆಯ ಮುಂದೆ ಕೂತವರಂತೆ ಅಡುಗೆ ಮಾಡುತ್ತಿದ್ದರು. ಎರಡು ತಿಂಗಳ ಹಿಂದೆ ಮಾವಶಿ ಹಾಸಿಗೆ ಹಿಡಿದಳು. ಅಡುಗೆ ನಿಂತಿತು, ದನಿ ಇಳಿಯಿತು. ಆದರೂ ಕರೆ ನಿಲ್ಲಲಿಲ್ಲ. "ಒಲಿ ಮ್ಯಾಲೆ ಏನದ?" ಎಂದು ಕೇಳುವಳು, ಕಾಕು ಹೇಳುವಳು. ಹಳೆಯ ಫೋನಿನ ಗಂಟಲಿನ ಬಲದಿಂದ ಅದೂ ನಡೆದಿತ್ತು.

ಹೊಸ ಫೋನು ಮಣೆಯ ಮೇಲೆ ಕೂತ ಮೊದಲ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬೆಳಗಿತು. ಕಾಕು ಸೌಟು ಚಾಚಿ ಒತ್ತಿದಳು. ಏನೂ ಆಗಲಿಲ್ಲ. ಜೋರಾಗಿ ಒತ್ತಿದಳು. ಸೌಟಿನಿಂದ ತಳ್ಳಿದಳು. ಫೋನು ತನ್ನ ಪಾಡಿಗೆ ಕುಣಿಯುತ್ತಲೇ ಇತ್ತು.

"ಇದಕ್ಕ ಕಟಗಿ ತಿಳಿಯೂದಿಲ್ಲ ಕಾಕು, ಬೆರಳ ಬೇಕು" ಅಂದೆ.

"ಮುಟ್ಟಿದರಷ್ಟ ಮಾತಾಡ್ತದ?" ಕಾಕು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಇಂಥಾದ್ದು ಯಾಕ ತಂದ್ಯೋ?"

ನಾನೇ ಬೆರಳಿನಿಂದ ಎತ್ತಿ ಸ್ಪೀಕರ್ ಹಾಕಿದೆ. ಮಾವಶಿಯ ದನಿ ಸೊಳ್ಳೆಯ ಹಾಗೆ ಬಂತು. ಅಷ್ಟು ತೆಳ್ಳನೆಯ ಮೈಯಲ್ಲಿ ಗಂಟಲಿಗೆ ಜಾಗವಾದರೂ ಎಲ್ಲಿ? ಕಾಕು ಒಲೆಯ ಮುಂದಿನಿಂದ, "ಏನಂದಿ ಸಿಂಧೂ? ಏನಂದಿ?" ಎಂದು ಐದಾರು ಸಲ ಕೂಗಿದಳು. ವಿಜ್ಞಾನ ನೆನಪಾಗಿ ನಾನು ಫೋನನ್ನು ಹಿತ್ತಾಳೆಯ ಚರಿಗೆಯಲ್ಲಿ ನಿಲ್ಲಿಸಿದೆ. ದನಿ ಗುಂಯ್‌ಗುಟ್ಟಿತು, ಮಾತೆಲ್ಲ ಕಲಸಿಹೋಯಿತು. ಕಾಕುವಿನ ಕಣ್ಣಲ್ಲಿ ನೀರು ಬಂತು. "ಬಿಡು, ನಾಳೆ ನೋಡೋಣ" ಅಂದಳು. ಮರುದಿನವೂ ಅಷ್ಟೇ. ಅವತ್ತು ಸಂಜೆ ಸ್ಪೀಕರಿಗೆ ಕೆಂಪು ಪೆನ್ನಿನಿಂದ ನಾಲ್ಕು ಅಂಕ ಬರೆದು, ನಪಾಸೆಂದು ಸುತ್ತು ಹಾಕಿದೆ. ಆ ತಂಗಿಯ ದನಿ ಇನ್ನೆಷ್ಟು ದಿನ ಕೇಳುವಂಥದು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಮೂರನೆಯ ದಿನ ಹಾಲು ತರಲು ಹೋದವನು ಫೋನು ಮಣೆಯ ಮೇಲೇ ಮರೆತಿದ್ದೆ. ಎಂಟು ಹೊಡೆದದ್ದು ನೆನಪಾಗಿ ದೌಡಾಯಿಸಿ ಬಂದೆ. ಪಡಸಾಲೆ ದಾಟಿ ಅಡುಗೆಮನೆಯ ಹೊಸ್ತಿಲಿಗೆ ಬಂದವನು ನಿಂತಲ್ಲೇ ನಿಂತೆ. ಮಣೆ ಖಾಲಿಯಿತ್ತು. ಕಾಕು ಒಲೆಯ ಮುಂದೆ, ಮಡಿಸೀರೆಯಲ್ಲಿ, ನನ್ನ ಫೋನನ್ನು ಬರಿಗೈಯಲ್ಲಿ ಹಿಡಿದು, ಚಟಪಟ ಸಿಡಿಯುತ್ತಿದ್ದ ಒಗ್ಗರಣೆಯ ಮೇಲೆ ಚಾಚಿದ್ದಳು. ಆಮೇಲೆ ಅದನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. "ಕೇಳಿಸ್ತ? ಹೂಂ... ಇಂಗು ಹಾಕೀನಿ. ಹೂಂ, ಅವ್ವ ಹಾಕತಿದ್ದಳಲ್ಲ, ಅಷ್ಟ."

ನಾನು ಈ ಹಿಂದೆ ಬೆಚ್ಚಿದ್ದೆಲ್ಲ ಬೆಚ್ಚುವುದೇ ಅಲ್ಲ. ಐದಾರು ದಶಕ ಅಲುಗಾಡದ ಮಡಿ! ಊರಿಗೆ ಊರೇ ಮುಟ್ಟಿದ ಬಸ್ಸಿನಲ್ಲಿ ಓಡಾಡಿದ ಫೋನು! ಅದೂ ದೇವರ ಸಾರಿನ ಮೇಲೆ! ಕಾಕು ಕರೆ ಮುಗಿಸಿ ಕಣ್ಣು ತೆರೆದಳು.

"ಯಾಕೋ ಗೋಪ್ಯಾ, ಹಂಗ್ಯಾಕ ನಿಂತಿ? ಹಾಲು ಇಡಲ್ಲೆ."

"ಕಾಕು... ಮಡಿ?"

"ಆಕಿ ದನಿ ಭಾಳ ಸಣ್ಣಗಾಗ್ಯದೋ. ಕಿವಿಗೆ ಹಚ್ಚಿಕೊಂಡರಷ್ಟ ಕೇಳಸ್ತದ. ವಗ್ಗರಣಿ ಸಪ್ಪಳ ಕೇಳಬೇಕಂದಳು, ಕೇಳಿಸಿದೆ. ನೀ ಬೆರಳಿಲೆ ಎಳಿಯೂದು ನೋಡಿದ್ದೆ, ಹಂಗ ಎಳದೆ."

"ಅಲ್ಲ, ಮಡಿ ಹೋತಲ್ಲ?"

"ಹೋತು. ಮತ್ತ ನೀರು ಹಾಕ್ಕೋತೀನಿ. ಈ ಸಾರು ನಿಮಗಿರಲಿ, ದೇವರಿಗೆ ಬ್ಯಾರೆ ಮಾಡ್ತೀನಿ."

ಇಷ್ಟೇ? ಎರಡು ಚೊಂಬು ನೀರಿನಷ್ಟು ಮಾತೇ ಇದು? ನನ್ನೊಳಗಿನಿಂದ ಎಂಟು ವರ್ಷದ ಹುಡುಗನೊಬ್ಬ ಸಿಟ್ಟಿನಿಂದ ಎದ್ದು ಕೂತ. ನನ್ನ ಮುಖದಲ್ಲಿ ಕಾಕುವಿಗೆ ಏನು ಕಂಡಿತೋ, ನನ್ನ ಹತ್ತಿರ ಬಂದಳು.

"ಹೆಂಗೂ ಮೈಲಿಗಿ ಆಗೀನಿ, ಬಾ ಇಲ್ಲೆ" ಅಂದು ಗದ್ದ ಹಿಡಿದಳು. ಗಾಯದ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದಳು. ಬೆರಳು ಇಂಗಿನ ವಾಸನೆ ಹೊಡೆಯುತ್ತಿತ್ತು. "ಅವತ್ತೂ ಹಂಡೇದಾಗ ನೀರಿದ್ವೋ" ಅಂದಳು. ಬಚ್ಚಲಿಗೆ ಹೋದಳು.

ಹದಿನೈದು ದಿನ ಮುಗಿದಾಗ ಬಿರಾದಾರ ಸರ್ ತಪ್ಪದೆ ಬಂದರು. ಅಂಕಪಟ್ಟಿ ನನ್ನ ಕಿಸೆಯಲ್ಲೇ ಇತ್ತು, ಸ್ಪೀಕರಿನ ನಾಲ್ಕನ್ನು ಹೊಡೆದು ಅದರ ಮೇಲೆ ಇಪ್ಪತ್ತು ಬರೆದಿದ್ದೆ. ತೋರಿಸಲು ಧೈರ್ಯವಾಗಲಿಲ್ಲ. "ಸ್ಪೀಕರ್ ಭಾಳ ಸಣ್ಣದದರಿ ಸರ್, ಕಿವಿಗೆ ಹಚ್ಚಿಕೊಂಡ ಮಾತಾಡಬೇಕು. ಬೆರಳಿಲ್ಲದ ನಡೆಯೂದಿಲ್ಲ" ಅಂದೆ. "ಹಂಗಾರ ಬ್ಯಾಡ ಬಿಡ್ರಿ" ಎಂದು ಅವರು ನಿರಾಳವಾಗಿ ಚಹಾ ಕುಡಿದರು.

ಮಲ್ಲಣ್ಣ ಗಟ್ಟಿ ದನಿಯ ಒಂದು ಪುಟ್ಟ ಸ್ಪೀಕರ್ ಡಬ್ಬಿ ತೋರಿಸಿ, ಇದನ್ನು ಜೋಡಿಸಿದರೆ ಓಣಿಗೆಲ್ಲ ಕೇಳುತ್ತದೆ ಎಂದ. ಬೇಡ ಅಂದೆ. ಈಗ ದಿನಾ ಬೆಳಿಗ್ಗೆ ಎರಡನೆಯ ಸಲ ನೀರು ಕಾಯಿಸುವ ಕೆಲಸ ನನ್ನದು. ಕರೆ ಮುಗಿದ ಮೇಲೆ ನೀರು ಕಾಯಲು ಅರ್ಧ ತಾಸು ಹಿಡಿಯುತ್ತದೆ, ಅಲ್ಲಿಯವರೆಗೆ ಕಾಕು ಮೈಲಿಗೆಯಲ್ಲಿರುತ್ತಾಳೆ. ಆ ಅರ್ಧ ತಾಸಿನಲ್ಲಿ ನನಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ಬಿದ್ದೇ ಬೀಳುತ್ತದೆ.