ಸಾವಂತ್ರವ್ವ ಕಟ್ಟಿದ ಟ್ರಂಕು

ನಮ್ಮ ಹಾಸ್ಟೆಲಿನ ಬಾಗಿಲಿಗೆ ನಾನೇ ಕೈಯಾರೆ ಬರೆದು ಅಂಟಿಸಿದ ಒಂದು ಕಾಗದವಿದೆ. ಒಬ್ಬರಿಗೆ ಒಂದು ಟ್ರಂಕು, ಒಂದು ಕೈಚೀಲ, ಅಷ್ಟೇ. ವಿಜಯಪುರದ ಈ ಹುಡುಗಿಯರ ಹಾಸ್ಟೆಲಿನಲ್ಲಿ ನಾನು ವಾರ್ಡನ್ ಆಗಿ ಹದಿನೆಂಟು ವರ್ಷವಾಯಿತು. ಆ ಕಾಗದ ಓದಿದವರಿಗೆ ಲೆಕ್ಕವಿಲ್ಲ, ಅದರಂತೆ ನಡೆದವರನ್ನು ನಾನು ಕಂಡಿರಲಿಲ್ಲ. ಒಬ್ಬಳು ಗೋಡೆ ಗಡಿಯಾರ ತಂದಿದ್ದಳು. ಇನ್ನೊಬ್ಬಳ ಅಪ್ಪ ಟಂಟಂ ಗಾಡಿ ಮಾಡಿಕೊಂಡು ಮಂಚವನ್ನೇ ಹೇರಿಕೊಂಡು ಬಂದಿದ್ದ. ನಮ್ಮಲ್ಲೇ ಮಂಚ ಇದೆಯಪ್ಪಾ ಎಂದರೆ, "ಇದ್ರ ಇರಲಿ ಬಿಡ್ರಿ, ಅಕಿಗೆ ಇದರ ಮ್ಯಾಲನ ನಿದ್ದಿ ಹತ್ತೂದು" ಎಂದ. ನನ್ನ ಹೆಸರು ಮಾಲಾ. ಹುಡುಗಿಯರು ಬೆನ್ನ ಹಿಂದೆ ಬೇರೆ ಹೆಸರು ಇಟ್ಟಿದ್ದಾರೆ, ಅದು ಇಲ್ಲಿ ಬೇಡ.

ಆ ಕಾಗದದಲ್ಲಿ ಬರೆದಂತೆಯೇ ಬಂದವಳು ಒಬ್ಬಳೇ, ಕನಮಡಿಯ ಸಾವಂತ್ರವ್ವ. ಅವಳಿಗೆ ಓದಲು ಬರುವುದಿಲ್ಲ.

ಕಳೆದ ವರ್ಷ ಪ್ರವೇಶದ ಕೊನೆಯ ದಿನ. ಐದು ಗಂಟೆಗೆ ನಾನು ಪಟ್ಟಿ ಮುಚ್ಚಬೇಕು, ಬಾರದವರ ಸೀಟು ಕಾಯುತ್ತ ಕೂತವರಿಗೆ ಹೋಗುತ್ತದೆ. ಸಾವಂತ್ರವ್ವ ಮೊಮ್ಮಗಳು ಭಾಗ್ಯಾಳನ್ನು ಕರೆದುಕೊಂಡು ಬಂದಾಗ ನಾಲ್ಕೂವರೆ ದಾಟಿತ್ತು. ತಿಕೋಟಾದಲ್ಲಿ ಬಸ್ಸು ಬದಲಿಸಬೇಕು, ಅಲ್ಲಿ ಎರಡು ಗಾಡಿ ಹತ್ತಲು ಜಾಗವಿಲ್ಲದೆ ಹೋದವಂತೆ. ಮುದುಕಿಯ ತಲೆಯ ಮೇಲೆ ಹಸಿರು ಬಣ್ಣದ ತಗಡಿನ ಟ್ರಂಕು, ಹೆಗಲಿಗೆ ಕರಿ ಕಂಬಳಿ. ಹುಡುಗಿಯ ಕೈಯಲ್ಲಿ ಮುಚ್ಚಳ ಹಾಕಿದ ಬಕೆಟ್ಟು. ಆಮೇಲೆ ನೋಡಿದರೆ ಅದರೊಳಗೆ ತಂಬಿಗೆ, ತಂಬಿಗೆಯೊಳಗೆ ಸಾಬೂನು, ಎಣ್ಣೆ, ಬಾಚಣಿಗೆ. ಕೈಚೀಲದ ಕೆಲಸವನ್ನು ಬಕೆಟ್ಟೇ ಮಾಡಿತ್ತು.

"ಹಾಸಿಗಿ ಎಲ್ಲಿ ಆಯಿ?" ಎಂದೆ. ಹೇಗೂ ಹೊರಗೆ ಇನ್ನೆರಡು ಗಂಟು ಬಿಟ್ಟು ಬಂದಿರುತ್ತಾಳೆ ಎಂದು ನನ್ನ ಗುಮಾನಿ.

ಅವಳು ಟ್ರಂಕು ಇಳಿಸಿ ತಲೆಯ ಮೇಲಿನ ಸಿಂಬಿ ಬಿಚ್ಚಿದಳು. ಅದು ಸುತ್ತಿ ಸುತ್ತಿ ಬಿಗಿ ಮಾಡಿದ ಇಡೀ ಕೌದಿ.

"ಬಾಯಾರ, ಒಂದ ಮಾತ ಮೊದಲ ಹೇಳಿಬಿಡ್ತೇನ್ರಿ," ಎಂದಳು. "ಇಕಿ ಒಮ್ಮಿ ಓಡಿ ಬಂದಾಕಿ ಅದಾಳ. ಆರನೇ ಕ್ಲಾಸಿನ್ಯಾಗ ವಸತಿ ಸಾಲಿಗೆ ಹಾಕಿದ್ವಿ. ಐದು ದಿನಕ್ಕ ಸಾಮಾನ ಕಟಗೊಂಡು ಬಂದ್ಲು. ಈ ಸಲ ಹಂಗಾಗಬಾರ್ದ್ರಿ."

ಪ್ರವೇಶಕ್ಕೆಂದು ಬಂದು ಮೊಮ್ಮಗಳ ಹುಳುಕನ್ನು ತಾನೇ ವಾರ್ಡನ್ನಿಗೆ ಹೇಳುವವರನ್ನು ನಾನು ನೋಡಿರಲಿಲ್ಲ. ಭಾಗ್ಯಾ ನೆಲ ನೋಡುತ್ತ ನಿಂತಿದ್ದಳು. ಬಿಎಸ್ಸಿಗೆ ಸೀಟು ಸಿಕ್ಕಿತ್ತು, ಒಳ್ಳೆಯ ಅಂಕಗಳೇ. ಪ್ರಯೋಗದ ತರಗತಿ ಮುಗಿಸಿ, ತಿಕೋಟಾದಲ್ಲಿ ಬಸ್ಸು ಬದಲಿಸಿ ದಿನಾ ಕನಮಡಿಗೆ ಹೋಗಿಬರುವುದು ಆಗದ ಮಾತು. ಹಾಸ್ಟೆಲ್ ಬಿಟ್ಟರೆ ಓದೂ ಬಿಟ್ಟಂತೆಯೇ.

"ಆತು, ಕಾಗದ ಕೊಡ್ರಿ. ಮಾರ್ಕ್ಸ್ ಕಾರ್ಡ್, ಟಿಸಿ, ಎಲ್ಲಾ ಅಸಲಿ."

ಭಾಗ್ಯಾ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಟ್ರಂಕಿನ ಕಡೆ ನೋಡಿದಳು.

"ತಳದಾಗ ಅದಾವ್ರಿ."

"ತಳದಾಗ? ಇಲ್ಲಿ ಬಂದ ಕೂಡ್ಲೆ ಮೊದಲ ಕೇಳೂದ ಅವನ್ನ. ಅವನ್ನ ಯಾರರ ತಳದಾಗ ಇಡ್ತಾರೇನು?"

"ಸಂಜಿಗೆ ಇಳಿದ ಕೂಡ್ಲೆ ಬೇಕಾಗೂದು ಮ್ಯಾಲ ಇಡ್ತೇವ್ರಿ. ಕಳಕೊಂಡ್ರ ಮತ್ತ ಸಿಗದಂಥಾದ್ದು ತಳದಾಗ, ನಟ್ಟನಡುವ. ಕುದುರಿ ಮುಗ್ಗರಿಸಿ ಬಿದ್ರೂ ಅದಕ್ಕ ಏನೂ ಆಗಬಾರ್ದು."

"ಇದು ಕುದುರಿ ಅಲ್ಲ ಆಯಿ, ಆಫೀಸು," ಎಂದು ರೇಗಿದೆ. ಗಡಿಯಾರ ಐದಕ್ಕೆ ಹದಿಮೂರು ನಿಮಿಷ ತೋರಿಸುತ್ತಿತ್ತು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. ಕಾಯುವ ಪಟ್ಟಿಯವರು ಬೆಂಚಿನಿಂದ ಎದ್ದು ನಿಂತಿದ್ದರು.

ಆಗ ಭಾಗ್ಯಾ ಮೆಲ್ಲಗೆ, "ನಡಿ ಆಯಿ, ಹೋಗೂಣು. ಸೀಟ್ ಹೋದ್ರ ಹೋಗಲಿ ಬೇ," ಎಂದಳು. ಮಾತಿನಲ್ಲಿ ದುಃಖವಿತ್ತು, ಮುಖದಲ್ಲಿ ಇರಲಿಲ್ಲ. ತಪ್ಪಿಸಿಕೊಳ್ಳಲು ದಾರಿ ಸಿಕ್ಕಿತು ಎನ್ನುವ ನಿರಾಳ ಮುಖ ಅದು, ನನಗೆ ಅದರ ಪರಿಚಯ ಚೆನ್ನಾಗಿದೆ.

ಸಾವಂತ್ರವ್ವ ಹೆಗಲ ಕಂಬಳಿಯನ್ನು ವರಾಂಡದಲ್ಲಿ ಹಾಸಿದಳು, ಟ್ರಂಕು ತೆರೆದಳು, ಬಿಚ್ಚತೊಡಗಿದಳು.

ನಾನು ಪೆನ್ನು ಕೆಳಗಿಟ್ಟು ನೋಡಿದೆ. ಮೊದಲು ಎರಡು ತಾಟುಗಳ ನಡುವೆ ಬಟ್ಟೆಯಲ್ಲಿ ಕಟ್ಟಿದ ಕಟಕ ರೊಟ್ಟಿ ಹೊರಬಂತು. ಕನಮಡಿಯಿಂದ ಇಲ್ಲಿಯವರೆಗಿನ ರಸ್ತೆಯಲ್ಲಿ ಒಂದೂ ಮುರಿದಿರಲಿಲ್ಲ. ಆಮೇಲೆ ಶೇಂಗಾ ಹಿಂಡಿಯ ಡಬ್ಬಿ, ಅದರ ಸುತ್ತ ಟವೆಲು. ಬಟ್ಟೆಗಳನ್ನು ಮಡಚಿರಲಿಲ್ಲ, ಬತ್ತಿಯ ಹಾಗೆ ಹೊಸೆದು ಸಾಲಾಗಿ ನಿಲ್ಲಿಸಿದ್ದಳು. ಯಾವುದನ್ನು ಎಳೆದರೂ ಪಕ್ಕದ್ದು ಕದಲುತ್ತಿರಲಿಲ್ಲ. ಚಪ್ಪಲಿಯೊಳಗೆ ಸಾಕ್ಸು, ಲೋಟದೊಳಗೆ ಸೂಜಿ ದಾರ, ಪುಸ್ತಕಗಳು ನಾಲ್ಕು ಬದಿಗೂ ಗೋಡೆಯಂತೆ. ಇಡೀ ಟ್ರಂಕಿನಲ್ಲಿ ಒಂದು ಬೊಗಸೆ ಗಾಳಿಗೂ ಜಾಗವಿರಲಿಲ್ಲ. ಒಂದೊಂದನ್ನೂ ತೆಗೆದ ಕ್ರಮದಲ್ಲೇ ಕಂಬಳಿಯ ಅಂಚಿನ ಗುಂಟ ಇಡುತ್ತ ಹೋದಳು. ಕೊನೆಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕಾಗದಗಳು. ಒಂದು ಮೂಲೆಯೂ ಮಡಚಿರಲಿಲ್ಲ. ನಾನು ಅವನ್ನು ಕೈಗೆ ತೆಗೆದುಕೊಂಡಾಗ ಐದಕ್ಕೆ ಇನ್ನೂ ಏಳು ನಿಮಿಷವಿತ್ತು.

ನಾನು ಹೆಸರು ಬರೆದು, ಸಹಿ ಹಾಕಿಸಿಕೊಂಡು ತಲೆಯೆತ್ತಿದರೆ ಟ್ರಂಕು ಮತ್ತೆ ತುಂಬಿ, ಚಿಲಕ ಬಿದ್ದಿತ್ತು. ಗೊಣಗುತ್ತಿದ್ದವರೆಲ್ಲ ಕತ್ತು ಚಾಚಿ ನೋಡುತ್ತ ನಿಂತಿದ್ದರು.

"ಎಲ್ಲಿ ಕಲ್ತ್ರಿ ಆಯಿ ಇದನ್ನ?"

"ಕಲಿಯೂದೇನೈತ್ರಿ. ದಿನಾ ಮಾಡಿದ್ದ."

ದಿನಾ ಎಂದರೆ ದಿನಾ. ಹದಿನಾಲ್ಕಕ್ಕೆ ಮದುವೆಯಾಗಿ ಗಂಡ ಅಮೋಘಿಯ ಕುರಿಹಿಂಡಿನ ಜೊತೆ ಹೊರಟವಳು. ಇಂದು ಒಬ್ಬರ ಹೊಲದಲ್ಲಿ ರಾತ್ರಿಗೆ ಕುರಿ ತರುಬಿದರೆ ನಾಳೆ ಇನ್ನೊಬ್ಬರ ಹೊಲ, ನಾಡಿದ್ದು ಗಡಿಯಾಚೆ. ಬೆಳಗ್ಗೆ ಹಿಂಡು ಏಳುವಷ್ಟರಲ್ಲಿ ಸಂಸಾರ ಕುದುರೆಯ ಮೇಲೆ ಇರಬೇಕು: ಹಿಟ್ಟು, ಬೋಗುಣಿ, ಗುಡಾರದ ಬಟ್ಟೆ, ರಾತ್ರಿ ಹುಟ್ಟಿದ ಮರಿ. ಹೆಚ್ಚಾದರೆ ಕುದುರೆ ಏಳುವುದಿಲ್ಲ, ಕಡಿಮೆಯಾದರೆ ಸಂಜೆ ಉಪವಾಸ. ಅಮೋಘಿ ತೀರಿಕೊಂಡ ಮೇಲೂ ಮಗ ಶಿವಲಿಂಗನ ಜೊತೆ ತಿರುಗುತ್ತಿದ್ದಳು. ಭಾಗ್ಯಾ ಶಾಲೆಗೆ ಹೋಗಲಿ ಎಂದು ಮಾತ್ರ ಕನಮಡಿಯಲ್ಲಿ ನಿಂತಳು. ಮಗ ಸೊಸೆ ಈಗಲೂ ಹಿಂಡಿನ ಜೊತೆ ಹೊರಗೇ ಇರುತ್ತಾರೆ. ಮ್ಯಾನೇಜ್‌ಮೆಂಟ್ ಓದಿದ ಇಬ್ಬರು ಹಿಂದೊಮ್ಮೆ ನನ್ನ ಉಗ್ರಾಣದ ಒಂದು ಕಪಾಟು ಜೋಡಿಸಲು ಎರಡು ದಿನ ತೆಗೆದುಕೊಂಡಿದ್ದರು. ಅವರನ್ನು ಈ ಹೆಂಗಸಿನ ಹಿಂದೆ ಒಂದು ವಾರ ಕಳಿಸಬೇಕು ಎನಿಸಿತು.

ಕೋಣೆ ತೋರಿಸಲು ನಾನೇ ಹೋದೆ. ಬಬಲೇಶ್ವರದ ಹಸೀನಾ ಎಂಬವಳು ಆಗಲೇ ತನ್ನ ಐದು ಚೀಲಗಳಿಂದ ಎರಡೂ ಕಪಾಟು ತುಂಬಿದ್ದಳು. ನಮ್ಮನ್ನು ಕಂಡು ನಗುತ್ತಲೇ ಒಂದನ್ನು ಖಾಲಿ ಮಾಡಿಕೊಟ್ಟಳು. ಭಾಗ್ಯಾ ಅದರ ಕಡೆ ಕಣ್ಣೂ ಹಾಯಿಸಲಿಲ್ಲ. ಟ್ರಂಕನ್ನು ಮಂಚದ ಕೆಳಗೆ ನೂಕಿ, ಬೀಗ ಹಾಕಿ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಮಂಚದ ತುದಿಯಲ್ಲಿ ಕೂತಳು. ಬಸ್‌ಸ್ಟ್ಯಾಂಡಿನಲ್ಲಿ ಕೂತವರೂ ಅದಕ್ಕಿಂತ ಆರಾಮಾಗಿ ಕೂತಿರುತ್ತಾರೆ.

ಸಾವಂತ್ರವ್ವ ಅದನ್ನು ನೋಡಿ ಕೈ ಚಾಚಿದಳು. "ಕೀಲಿ ಕೊಡ ಇಲ್ಲೆ."

ಮತ್ತೆ ಟ್ರಂಕು ಎಳೆದಳು, ಮತ್ತೆ ಬಿಚ್ಚಿದಳು. ಈ ಸಲ ಬಟ್ಟೆ ಕಪಾಟಿಗೆ, ಪುಸ್ತಕ ಮೇಜಿಗೆ, ರೊಟ್ಟಿ ಕಿಟಕಿಯ ಕಟ್ಟೆಗೆ, ಕೌದಿ ಮಂಚದ ಮೇಲೆ. ಎಲ್ಲ ಮುಗಿದ ಮೇಲೆ ಖಾಲಿ ಟ್ರಂಕಿನ ಮುಚ್ಚಳ ಹಾಕಿ ತಲೆಯ ಮೇಲೆ ಇಟ್ಟುಕೊಂಡಳು.

ಭಾಗ್ಯಾ ಎದ್ದು ನಿಂತಳು. "ಟ್ರಂಕ ಯಾಕ ಒಯ್ಯಾಕತ್ತೀ ಬೇ?"

"ಮನ್ಯಾಗ ಕಾಳು ಹಾಕಿ ಇಡಾಕ ಬೇಕ."

"ಸಾಮಾನ ಯಾವುದರಾಗ ತರಲಿ ನಾ ಮತ್ತ?"

"ಓದು ಮುಗೀಲಿ. ಅವತ್ತ ನಾನ ತಗೊಂಡ ಬರ್ತೇನಿ."

ಹುಡುಗಿ ಅಳತೊಡಗಿದಳು. ಮುದುಕಿ ಅವಳ ಗಲ್ಲ ಸವರಿ, ನೆಟಿಕೆ ಮುರಿದು, ತಿರುಗಿ ನೋಡದೆ ಮೆಟ್ಟಿಲು ಇಳಿದಳು. ನಾನು ಗೇಟಿನ ತನಕ ಹಿಂದೆಯೇ ಹೋದೆ. ಸಿಟ್ಟೂ ಬಂದಿತ್ತು ನನಗೆ.

"ಇಷ್ಟ ಕಲ್ಲಮನಸ ಮಾಡಬಾರ್ದು ಆಯಿ. ಅಳಾಕತ್ತಾಳ ಅಕಿ."

"ಅಳಲಿ ಬಿಡ್ರಿ ಬಾಯಾರ. ಟ್ರಂಕ ಕಣ್ಣ ಮುಂದ ಇದ್ರ ನಾಳೆನ ಕಟ್ಟಿ ಎತ್ತತಾಳ. ಕಟ್ಟೂದು ನಾನ ಕಲಿಸೇನಿ, ಅಗದಿ ಚೊಲೋ ಕಟ್ಟತಾಳ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಒಂದ ಜಾಗಾದಾಗ ಬಿಚ್ಚಿ ಇಟಗೊಂಡು ಇರೂದು ನನಗ ಬರೂದಿಲ್ರಿ. ಅದನ್ನ ನಾ ಹೆಂಗ ಕಲಿಸ್ಲಿ?"

ಖಾಲಿ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ನನಗೆ ಆ ದಿನ ಊಟ ಸೇರಲಿಲ್ಲ.

ಹನ್ನೊಂದನೆಯ ದಿನ ಬೆಳಗ್ಗೆ ಭಾಗ್ಯಾ ಆಫೀಸಿಗೆ ಬಂದಳು. ಕಣ್ಣು ಊದಿತ್ತು. "ಊರಿಗೆ ಹೋಗ್ತೇನ್ರಿ ಬಾಯಾರ. ಸಾಮಾನ ತುಂಬಾಕ ಒಂದು ಚೀಲ ಇದ್ರ ಕೊಡ್ರಿ."

ನನ್ನ ಬೆನ್ನ ಹಿಂದಿನ ಉಗ್ರಾಣದಲ್ಲಿ ಅಕ್ಕಿಯ ಖಾಲಿ ಚೀಲಗಳು ಸೊಂಟದೆತ್ತರ ಬಿದ್ದಿದ್ದವು. "ಒಂದೂ ಇಲ್ಲವ್ವಾ," ಎಂದೆ, ಮುಖ ನೋಡಿಯೇ ಎಂದೆ. ಕಾಲೇಜಿನ ಹೊತ್ತಾಗಿತ್ತು, ಕಾಲೇಜಿಗೇ ಹೋದಳು.

ಸಂಜೆ ಮತ್ತೆ ಬಂದಳು. ಕೇಳಲು ಸ್ವಲ್ಪ ತಡವರಿಸಿದಳು. "ಬಾಯಾರ, ಒಂದು ಮೊಳಿ ಐತೇನ್ರಿ? ಕಾಲೇಜಿನ ಬ್ಯಾಗ ತೂಗಹಾಕಾಕ."

ಗೋಡೆಗೆ ಮೊಳೆ ಹೊಡೆಯುವುದು ನಮ್ಮಲ್ಲಿ ನಿಷಿದ್ಧ, ಆ ನಿಯಮವೂ ನನ್ನದೇ. ಉಗ್ರಾಣದಿಂದ ಸುತ್ತಿಗೆ ತೆಗೆದುಕೊಂಡು ನಾನೇ ಹೋಗಿ ಹೊಡೆದುಕೊಟ್ಟೆ. ಇನ್ನೊಂದು ಬೇಕೆಂದಳು. ಅದನ್ನೂ ಹೊಡೆದೆ.