ಶರಣು ಅಂದವರಿಗೆ ಶರಣಾರ್ಥಿ

ನನ್ನ ಗಂಡನಿಗೆ ಎರಡು ಚಟ. ಒಂದು, ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಕಂಪ್ಯೂಟರಿನ ಮುಂದೆ ಕೂತು ಗುರುತಿದ್ದವರಿಗೆಲ್ಲ ವಾಟ್ಸಾಪಿನಲ್ಲಿ ಶುಭೋದಯದ ಚಿತ್ರ ಕಳಿಸುವುದು. ದೀಪ, ಬಿಲ್ವಪತ್ರೆ, ಮೂಡುವ ಸೂರ್ಯ, ಕೆಳಗೊಂದು ಬುದ್ಧಿಮಾತು. ಇನ್ನೊಂದು, ಯಾರಾದರೂ ಶರಣು ಅಂದರೆ ಶರಣಾರ್ಥಿ ಅನ್ನದೆ ಬಿಡದಿರುವುದು. ಎರಡನೆಯದನ್ನು ಚಟ ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಅದು ಮನೆತನದ ನಡೆಯಂತೆ. ನಮ್ಮ ಮಾವನವರು ಜ್ವರದಲ್ಲಿ ಮಲಗಿದ್ದಾಗಲೂ ಬಾಗಿಲಲ್ಲಿ ಯಾರೋ ಶರಣು ಅಂದದ್ದಕ್ಕೆ ಎದ್ದು ಕೂತು ಕೈಮುಗಿದವರು. ಈ ಎರಡು ಚಟಗಳೂ ಸೇರಿ ಹೋದ ವರ್ಷ ಗಂಡ ಹೆಂಡತಿ ಇಬ್ಬರ ಮಾನವನ್ನೂ ಒಟ್ಟಿಗೆ ತೆಗೆದವು.

ಸಿಂಧನೂರಿನಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಕಾಲುವೆಗೆ ನೀರು ಬಿಟ್ಟರೆಂದರೆ ಗೊರೇಬಾಳ, ಜವಳಗೇರಾ ಕಡೆಯ ರೈತರು ಬೆಳಗಾಗುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಾರೆ. ನಾನು ಮಸ್ಕಿಯ ಅಂಚೆ ಕಚೇರಿಯಲ್ಲಿ ಗುಮಾಸ್ತೆ, ದಿನವೂ ಲಿಂಗಸುಗೂರಿನ ಬಸ್ಸು ಹಿಡಿದು ಹೋಗಿ ಬರುತ್ತೇನೆ. ನಮಗಿರುವುದು ಒಬ್ಬಳೇ ಮಗಳು. ಆಗ ಹತ್ತನೆಯ ತರಗತಿಯಲ್ಲಿದ್ದಳು.

ನನ್ನ ನೌಕರಿಯ ಒಂದು ಕಾನೂನು ನಮ್ಮ ಮನೆಯೊಳಗೂ ನಡೆಯುತ್ತದೆ. ಯಾರ ಹೆಸರಿಗೆ ಬಂದಿದೆಯೋ ಅವರೇ ಒಡೆಯಬೇಕು. ಮಗಳು ಇನ್ನೂ ಅಕ್ಷರ ಕಲಿಯುತ್ತಿದ್ದಾಗ ಲಿಂಗಸುಗೂರಿನಲ್ಲಿರುವ ನನ್ನ ತಮ್ಮ ಅವಳ ಹುಟ್ಟುಹಬ್ಬಕ್ಕೆ ಒಂದು ಕಾರ್ಡು ಹಾಕಿದ್ದ. ಇವರು ಒಡೆಯಲು ಹೋದರು. ನಾನು ಕೈಯಿಂದ ಕಸಿದು, "ಅದು ಆಕಿ ಹೆಸರಿಗೆ ಬಂದೈತ್ರಿ" ಅಂತ ಮಗಳಿಗೇ ಕೊಟ್ಟೆ. ಅವಳು ಹಲ್ಲಿನಿಂದ ಲಕೋಟೆ ಹರಿದು, ಕಾರ್ಡನ್ನೂ ಅರ್ಧ ಹರಿದು, ರಾಣಿಯ ಹಾಗೆ ಓಡಾಡಿದಳು. ಅದನ್ನು ಅವಳು ಇಂದಿಗೂ ಮರೆತಿಲ್ಲ.

ಆ ಹುಡುಗಿ ಮಾತಿನ ಮಲ್ಲಿ. ಸಂಜೆ ನಾನು ರೊಟ್ಟಿ ಬಡಿಯುವಾಗ ಅಡುಗೆಮನೆಯ ಕಟ್ಟೆ ಏರಿ ಕೂತು, ಕಾಲು ಆಡಿಸುತ್ತ, ಶಾಲೆಯಲ್ಲಿ ನಡೆದದ್ದು, ನಡೆಯದ್ದು ಎಲ್ಲ ಹೇಳುತ್ತಿದ್ದಳು. ಟ್ಯೂಷನ್ನಿನ ನೋಟ್ಸು ವಾಟ್ಸಾಪಿಗೇ ಬರುತ್ತವೆಂದು ಫೋನು ಕೊಡಿಸಿದೆವು ನೋಡಿ, ಕಟ್ಟೆ ಖಾಲಿಯಾಯಿತು. ಏನು ಕೇಳಿದರೂ "ಏನಿಲ್ಲವ್ವ." ಕೋಣೆಯಿಂದ ನಗು ಮಾತ್ರ ಕೇಳಿಸುತ್ತಿತ್ತು. ಆ ನಗು ಬೇರೆ ಯಾರಿಗೋ ಸೇರಿದ್ದು ಅನ್ನುವುದು ನನಗೆ ಸಹಿಸಲಾಗುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚೂ ಆಯಿತು, ಹೆದರಿಕೆಯೂ ಆಯಿತು.

ಹೆದರಿಕೆಗೆ ಕಾರಣವಿತ್ತು. ಬಸ್ಸಿನಲ್ಲಿ ಜೊತೆಗೆ ಬರುವ ಅಕ್ಕ ಒಬ್ಬರು ತಮ್ಮ ಬೀಗರ ಹುಡುಗಿಯ ಸಂಗತಿ ಹೇಳಿದರು. ಗುರುತಿಲ್ಲದವನೊಬ್ಬ ಫೋನಿನಲ್ಲಿ ಸ್ನೇಹ ಬೆಳೆಸಿ, ಫೋಟೋ ತರಿಸಿಕೊಂಡು, ಆಮೇಲೆ ಅದನ್ನೇ ಹಿಡಿದು ಹೆದರಿಸಿದನಂತೆ. ಆ ಹುಡುಗಿ ಎಷ್ಟೋ ತಿಂಗಳು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಆ ಕೊನೆಯ ಮಾತೇ ನನ್ನ ಎದೆಯಲ್ಲಿ ಕೂತುಬಿಟ್ಟಿತು. ನಾಳೆ ನನ್ನ ಮಗಳಿಗೂ ಹೀಗಾದರೆ ನನಗೆ ಹೇಳುತ್ತಾಳೋ ಇಲ್ಲವೋ? ಅದೊಂದೇ ನನ್ನ ಚಿಂತೆ.

ಮನೆಗೆ ಬಂದವಳೇ, ಅವಳ ಫೋನಿಗೆ ಬರುವುದನ್ನು ನಾವೂ ಓದಬೇಕೆಂದು ಗಂಡನಿಗೆ ಹೇಳಿದೆ. ಅವರು ಮೊದಲು ಒಪ್ಪಲಿಲ್ಲ.

"ಪೋಸ್ಟಿನಾಕಿ ನೀನ ಹಿಂಗಂದ್ರ ಹೆಂಗ?"

"ಅದು ಮಂದಿ ಪತ್ರರೀ. ಇದು ನನ್ನ ಮಗಳು."

ಭಾನುವಾರ ಅವಳು ತಲೆಗೆ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳಲು ಹೋದಳು. ಅವಳ ಕೂದಲು ಮೊಣಕಾಲು ಮುಟ್ಟುತ್ತದೆ, ಬೇಗ ಹೊರಗೆ ಬರುವವಳಲ್ಲ. ಫೋನಿಗೆ ಬೀಗವೂ ಇರಲಿಲ್ಲ, ನಮ್ಮ ಮನೆಯಲ್ಲಿ ಕಪಾಟಿಗೇ ಬೀಗವಿಲ್ಲ. ಇವರು ಆ ಫೋನು ಹಿಡಿದು ಪಕ್ಕದಲ್ಲೇ ಇರುವ ಅಂಗಡಿಗೆ ಓಡಿ, ಅವಳ ವಾಟ್ಸಾಪನ್ನು ಕಂಪ್ಯೂಟರಿಗೆ ಜೋಡಿಸಿ, ಏದುಸಿರು ಬಿಡುತ್ತ ವಾಪಸು ತಂದಿಟ್ಟರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕುಗಳು ನಾವಿಬ್ಬರೂ.

ಆಮೇಲೆ ನಾನು ಕಚೇರಿಯಿಂದ ಬಂದವಳೇ ಮೊದಲು ಅಂಗಡಿಗೆ ಹೋಗತೊಡಗಿದೆ. ಅದರಲ್ಲಿ ಇದ್ದದ್ದೇನು? ವಿಜ್ಞಾನದ ಚಿತ್ರಗಳು, ಯಾರ ಡಬ್ಬಿಯಲ್ಲಿ ಏನಿತ್ತು ಅನ್ನುವ ವರದಿ, ಪುಟಗಟ್ಟಲೆ ನಗು. ಒಂದು ದಿನ ಮಾತ್ರ ಗೆಳತಿಯರ ಗುಂಪಿನಲ್ಲಿ ನನ್ನ ಮಗಳು ಬರೆದಿದ್ದಳು: "ನಮ್ಮವ್ವ ಮಾತಾಡಿದ್ರ ಒಗ್ಗರಣಿ ಸಿಡಿದಂಗ." ನನಗೆ ಉರಿದುಹೋಯಿತು. ಬೈಯೋಣವೆಂದರೆ ಹೇಗೆ ಗೊತ್ತಾಯಿತು ಅನ್ನುತ್ತಾಳೆ. ಬಾಯಿ ಮುಚ್ಚಿಕೊಂಡು ಸತತ ಮೂರು ಹೊತ್ತು ಹಾಗಲಕಾಯಿ ಪಲ್ಯ ಬಡಿಸಿದೆ. ಯಾಕೆಂದು ಅವಳಿಗೆ ಗೊತ್ತಾಗಲಿಲ್ಲ, ಇವರಿಗೆ ಗೊತ್ತಾಯಿತು. ಅವರೂ ಪಾಪ ಸುಮ್ಮನೆ ಉಂಡರು.

ಹೀಗಿರುವಾಗ ಕಾಲುವೆಗೆ ನೀರು ಬಿಟ್ಟರು. ಅಂಗಡಿಯಲ್ಲಿ ಜನವೋ ಜನ. ಆ ಗದ್ದಲದಲ್ಲಿ ಇವರು ತಮ್ಮ ವಾಟ್ಸಾಪ್ ಅಂದುಕೊಂಡು ಮಗಳ ವಾಟ್ಸಾಪು ತೆರೆದು, ಅಂದಿನ ಶುಭೋದಯವನ್ನು ಅವಳ ಗೆಳತಿಯರ ಗುಂಪಿಗೇ ಕಳಿಸಿಬಿಟ್ಟರು. ಶಿವಲಿಂಗದ ಹಿಂದೆ ಸೂರ್ಯ, ಕೆಳಗೆ 'ಕಾಯಕವೇ ಕೈಲಾಸ.' ಹುಡುಗಿಯರು ಇವಳಿಗೆ ವೈರಾಗ್ಯ ಬಂತೆಂದು ತಿಳಿದರು. ಒಬ್ಬಳು ಚೇಷ್ಟೆಗೆ ಬರೆದಳು: "ಶರಣು, ಮಾತಾಜಿ." ಇವರು ಗೊಬ್ಬರದ ಬಿಲ್ಲು ಬರೆಯುವುದನ್ನು ಅರ್ಧಕ್ಕೆ ನಿಲ್ಲಿಸಿ ಬರೆದರಂತೆ: "ಶರಣಾರ್ಥಿ."

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಅಂದು ರಜೆ, ನಾನು ಮನೆಯಲ್ಲೇ ಇದ್ದೆ. ಮಧ್ಯಾಹ್ನ ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಮಗಳು ಬಂದು, ಎಷ್ಟೋ ದಿನದ ಮೇಲೆ, ಕಟ್ಟೆ ಏರಿ ಕೂತಳು. ನನಗೆ ಹಿಗ್ಗೋ ಹಿಗ್ಗು. ಅವಳು ಫೋನನ್ನು ನಮ್ಮಿಬ್ಬರ ನಡುವೆ ಇಟ್ಟಳು.

"ಅವ್ವ, ಒಂದು ಜಾದು ತೋರಸ್ತೀನಿ. ನೋಡು, ನನ್ನ ಕೈ ಎರಡೂ ಇಲ್ಲೇ ಅದಾವ."

ಎರಡೂ ಕೈ ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. ಮೊದಲೇ ಹೇಳಿಕೊಟ್ಟಿದ್ದಳೆಂದು ಕಾಣುತ್ತದೆ, ಅಷ್ಟರಲ್ಲಿ ಅವಳ ಗೆಳತಿಯಿಂದ ಒಂದು ಸಂದೇಶ ಬಂತು: "ಶರಣು." ಅಂಗಡಿಯ ಕಂಪ್ಯೂಟರಿನಲ್ಲೂ ಅದು ಕಾಣಿಸಿರುತ್ತದೆ. ಮುಟ್ಟಬೇಡಿರಿ, ಮುಟ್ಟಬೇಡಿರಿ ಅಂತ ಮನಸ್ಸಿನಲ್ಲೇ ಗಂಡನಿಗೆ ಹೇಳಿಕೊಂಡೆ. ಎಲ್ಲಿ ಕೇಳುತ್ತದೆ ಆ ಮಹಾನುಭಾವನಿಗೆ. ನಾವು ನೋಡುತ್ತಿದ್ದ ಹಾಗೆ, ನನ್ನ ಮಗಳ ಹೆಸರಿನಲ್ಲೇ ಉತ್ತರ ಮೂಡಿತು: "ಶರಣಾರ್ಥಿ ಯವ್ವಾ. ಊಟ ಆತೇನು?"

"ನಾ ಇಲ್ಲಿ ಕುಂತೀನಿ. ಹಂಗಾದ್ರ ಈ ಶರಣಾರ್ಥಿ ಅಂದಾಕಿ ಯಾರವ್ವ?"

ನಾನು ಹಿಟ್ಟು ನಾದುತ್ತಲೇ ಇದ್ದೆ. ಅವಳು ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿಕೊಂಡವು.

"ಯಾರ ಹೆಸರಿಗೆ ಬಂದೈತೋ ಅವರ ಒಡಿಬೇಕು ಅಂತ ಹೇಳಿದಾಕಿ ನೀನ ಅಲ್ಲೇನು?"

ಸಿಡಿಯುವ ಒಗ್ಗರಣೆ ತಣ್ಣಗಾಯಿತು. "ನನಗ ಅಂಜಿಕಿ ಆಗಿತ್ತು" ಅಂದೆ. "ನೀ ನನ್ನ ಜೋಡಿ ಮಾತಾಡೋದ ಬಿಟ್ಟಿದ್ದಿ."

"ನೀ ಎಲ್ಲಿ ಮಾತಾಡಸ್ತಿ? ಪೊಲೀಸರಂಗ ಝಡತಿ ತಗೋತಿ. ಯಾರು, ಯಾಕ, ಎಲ್ಲಿ. ಏನಾರ ಹೇಳಿದ್ರ ಫೋನ್ ಕಸಗೋತಿ ಅಂತ ನನಗೂ ಅಂಜಿಕಿ."

ನಾನು ಹಿಟ್ಟಿನ ಕೈ ತೊಳೆದುಕೊಂಡು ಅವಳ ಪಕ್ಕ ಬಂದು ನಿಂತೆ.

ಊಟಕ್ಕೆ ಬಂದ ಗಂಡ ನಮ್ಮಿಬ್ಬರ ಮುಖ ನೋಡಿದರು. ಯಾರೂ ಏನೂ ಕೇಳುವ ಮೊದಲೇ, "ಕಂಪ್ಯೂಟರ್ ಇವತ್ತ್ಯಾಕೋ ಸರಿ ಇಲ್ಲ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವರು ಯಾರೂ ಅನ್ನದಿದ್ದರೂ ಮುಟ್ಟಿಕೊಂಡರು.

"ಅಪ್ಪಾಜಿ, ನಿಮಗ ಉತ್ತರ ಕೊಡಬ್ಯಾಡ ಅಂತ ಅನ್ನಿಸಲಿಲ್ಲೇನು?" ಮಗಳು ಕೇಳಿದಳು.

"ಅನ್ನಿಸ್ತು ಯವ್ವಾ. ಆದ್ರ ಆ ಕೂಸು ಶರಣು ಅಂತು. ಸುಮ್ನ ಹೆಂಗ ಇರಲಿ?"

ಅವರು ಅದನ್ನು ಎಷ್ಟು ದುಃಖದಿಂದ ಹೇಳಿದರೆಂದರೆ ಮೊದಲು ಮಗಳಿಗೆ ನಗು ಬಂತು, ಆಮೇಲೆ ನನಗೆ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟೆ. ಊಟವಾದ ಮೇಲೆ ಮೂವರೂ ಅಂಗಡಿಗೆ ಹೋಗಿ, ಅವಳ ಕೈಯಿಂದಲೇ ಕಂಪ್ಯೂಟರಿನ ಜೋಡಣೆ ತೆಗೆಸಿದೆವು. ಗುರುತಿಲ್ಲದವರದು ಏನು ಬಂದರೂ ತೋರಿಸುತ್ತೇನೆಂದು ಅವಳು ಮಾತು ಕೊಟ್ಟಳು. ಫೋನು ಕಸಿದುಕೊಳ್ಳುವುದಿಲ್ಲವೆಂದು ನಾನು ಕೊಟ್ಟೆ. ಚಿಂತೆ ಮಾಡುವುದಿಲ್ಲವೆಂದು ಮಾತ್ರ ಕೊಡಲಿಲ್ಲ, ಅದು ನನ್ನ ಕೈಯಲ್ಲಿಲ್ಲ.

ಮಾತು ಕೊಟ್ಟದ್ದೇನೋ ಸರಿ, ಹೊತ್ತು ಬಂದಾಗ ಹೇಳುತ್ತಾಳೆಯೇ? ಹಾಗೆಂದುಕೊಳ್ಳುತ್ತಿರುವಾಗಲೇ ನಾಟಿ ಮುಗಿಯಿತು, ಗದ್ದೆ ಹಸಿರಾಯಿತು. ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಮಗಳು ಬಂದು, ಒಡೆಯದ ಲಕೋಟೆ ಹಿಡಿದ ಹಾಗೆ ಫೋನನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು.

"ಗುರುತಿಲ್ಲದ ನಂಬರಿಂದ ಬಂದೈತಿ. ನನ್ನ ಹೆಸರಿಗೇ ಬಂದೈತಿ ಖರೇ, ಆದ್ರ ನೀ ಒಡಿ."

ಕೈ ಒರೆಸಿಕೊಂಡು ಒಡೆದೆ. ಯಾವನೋ ಅವಳ ವಾಟ್ಸಾಪಿನ ಫೋಟೋ ಬಹಳ ಚೆಂದವಿದೆ ಎಂದು ಬರೆದಿದ್ದ, ಇನ್ನೊಂದು ಕಳಿಸು ಅಂದಿದ್ದ. ಕೊನೆಗೆ, ಮನೆಯಲ್ಲಿ ಯಾರಿಗೂ ಹೇಳಬೇಡ ಅಂತ ಬರೆದಿದ್ದ. ಅವಳು ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಹೇಳಬ್ಯಾಡ ಅಂದಾನಲ್ಲ, ನೋಡು. ಒಡೆಯೋಕಿಂತ ಮೊದಲ ನಿನಗ ಹೇಳಾಕ ಬಂದೀನಿ ನಾ."

ನನ್ನ ಎದೆಯಿಂದ ಒಂದು ಕಲ್ಲು ಇಳಿಯಿತು. ಮುಂದೆ ಏನೇ ಆಗಲಿ, ಈ ಹುಡುಗಿ ಬಂದು ಹೇಳುತ್ತಾಳೆ. ಇಬ್ಬರೂ ಸೇರಿ ವಾಟ್ಸಾಪಿಗೆ ದೂರು ಕೊಟ್ಟು ಆ ನಂಬರನ್ನು ಬ್ಲಾಕ್ ಮಾಡಿದೆವು.

"ಅಪ್ಪಾಜಿ ಕೈಯಾಗ ಕೊಟ್ಟಿದ್ರ ದಿನಾ ಶುಭೋದಯ ಕಳಿಸಿ ಅವನ್ನ ಊರ ಬಿಡಸ್ತಿದ್ರು" ಅಂದು ಅವಳು ಕಟ್ಟೆ ಏರಿ ಕೂತಳು. ಕಾಲು ಆಡಿಸುತ್ತ, "ಅವ್ವ, ಇವತ್ತು ನಮ್ಮ ಸಾಲ್ಯಾಗ ಏನಾತು ಗೊತ್ತೇನು" ಅಂತ ಶುರುಮಾಡಿದಳು. ಅರ್ಧಕ್ಕೆ ನಿಲ್ಲಿಸಿ ಮೂಗು ಮೇಲೆತ್ತಿದಳು.

"ಅವ್ವ, ರೊಟ್ಟಿ ಸೀಯಾಕತ್ತೈತಿ."

"ಸೀದ್ರ ಸೀಲಿ ಬಿಡು. ನೀ ಮುಂದ ಹೇಳು."