ಪಾರ್ಕಿಂಗ್‌ನಿಂದಾಚೆಗಿನ ದ್ವೀಪ

ದ್ವೀಪದ ಕಡಲತೀರಗಳನ್ನು ಕನ್ನಡಿ ಮಾವ ಗುರುತಿಸುತ್ತಿದ್ದುದು ಮರಳಿನಿಂದ. ಸಂಜೆ ವ್ಯಾನು ಗುಡಿಸುವಾಗ ಸೀಟಿನಡಿ ಸಿಕ್ಕಿದ ಮರಳು ಹಿಟ್ಟಿನಂತೆ ನುಣ್ಣಗಿದ್ದರೆ ಅವತ್ತಿನ ಪ್ರವಾಸಿಗರು ಉತ್ತರದ ಉದ್ದ ತೀರದಲ್ಲಿ ಹೆಚ್ಚು ಹೊತ್ತು ಕಳೆದಿದ್ದಾರೆ ಎಂದರ್ಥ. ಚಿಪ್ಪಿನ ಚೂರು ಬೆರೆತಿದ್ದರೆ ದೀಪಸ್ತಂಭದ ಕೆಳಗಿನ ತೀರ. ಕಪ್ಪಗಿದ್ದು, ಪೊರಕೆಗೂ ಜಗ್ಗದೆ ಚಾಪೆಗೆ ಅಂಟಿಕೊಂಡಿದ್ದರೆ ಬಂಡೆಗಳ ನಡುವಿನ ಕೊಲ್ಲಿ. ಸಮುದ್ರದ ಪಕ್ಕದ ದೇವಸ್ಥಾನ ನೋಡಿದವರು ಪಿಸುಮಾತಾಡುತ್ತ ವ್ಯಾನು ಹತ್ತುತ್ತಿದ್ದರು. ಹಿನ್ನೀರಿನಲ್ಲಿ ದೋಣಿ ಸುತ್ತಿ ಬಂದವರು ಗದ್ದಲ ಮಾಡುತ್ತ. ಇಷ್ಟೆಲ್ಲ ಬಲ್ಲ ಮಾವ ಇವುಗಳಲ್ಲಿ ಒಂದು ಜಾಗವನ್ನೂ ಕಣ್ಣಾರೆ ಕಂಡಿರಲಿಲ್ಲ.

ಇದರಲ್ಲಿ ವಿಚಿತ್ರವೇನೂ ಇಲ್ಲ. ಪ್ರವಾಸದ ವ್ಯಾನಿನ ಡ್ರೈವರು ವ್ಯಾನು ಬಿಟ್ಟು ಕದಲುವಂತಿಲ್ಲ. ಸೀಟಿನ ಮೇಲೆ ಜನರ ಚೀಲ, ಕ್ಯಾಮೆರಾ, ಮಲಗಿದ ಮಗು ಎಲ್ಲ ಇರುತ್ತವೆ. ಹಾಗಾಗಿ ದ್ವೀಪವೆಂದರೆ ಮಾವನ ಪಾಲಿಗೆ ಐದಾರು ಪಾರ್ಕಿಂಗ್ ಜಾಗಗಳು. ಉತ್ತರ ತೀರವೆಂದರೆ ಒಂದು ಸಣ್ಣ ನಿದ್ದೆ. ದೇವಸ್ಥಾನವೆಂದರೆ ಒಂದು ಚಹಾ, ಒಂದು ಪೇಪರು. ಕಪ್ಪು ಕೊಲ್ಲಿಯೆಂದರೆ ಎಂಜಿನ್ನಿನ ನೀರು ನೋಡಿಕೊಳ್ಳುವಷ್ಟು ಹೊತ್ತು. ಹಿಂದೆ ಕೂತವರ ಜೊತೆ ಮಾತಾಡುವಾಗ ತಲೆ ತಿರುಗಿಸದೆ, ಮೇಲಿನ ಕನ್ನಡಿಯಲ್ಲೇ ಮುಖ ನೋಡಿ ಉತ್ತರ ಕೊಡುತ್ತಿದ್ದುದರಿಂದ ಜೊತೆಯ ಡ್ರೈವರುಗಳು ಇಟ್ಟ ಹೆಸರು ಕನ್ನಡಿ. ವಯಸ್ಸಾದ ಮೇಲೆ ಅದಕ್ಕೆ ಮಾವ ಸೇರಿಕೊಂಡಿತು.

ಒಂದು ವರ್ಷ ವ್ಯಾನು ನಡೆಸುವ ಕಂಪನಿಯವರು ಹೊಸ ನಿಯಮ ತಂದರು. ಐವತ್ತೈದು ದಾಟಿದವರು ಜನರನ್ನು ಕೂರಿಸಿಕೊಂಡು ವ್ಯಾನು ಓಡಿಸುವಂತಿಲ್ಲ. ಮಾವನಿಗೆ ಐವತ್ತೈದು ತುಂಬಿ ಕೆಲವೇ ವಾರ ಆಗಿತ್ತು. ಮುಂದೆ ಎರಡೇ ದಾರಿ: ಶೆಡ್ಡಿನಲ್ಲಿ ವ್ಯಾನು ತೊಳೆಯುವುದು, ಇಲ್ಲವೇ ಗೈಡ್ ಪರೀಕ್ಷೆ ಪಾಸಾಗಿ ಅದೇ ವ್ಯಾನಿನಲ್ಲಿ ಪ್ರವಾಸಿಗರಿಗೆ ಎದುರು ಮುಖವಾಗಿ ನಿಲ್ಲುವುದು. ಪರೀಕ್ಷೆಯೆಂದರೆ ಬರೆಯುವುದಲ್ಲ. ಒಂದು ದಿನದ ನಿಜವಾದ ಪ್ರವಾಸ ನಡೆಸಬೇಕು. ಪ್ರವಾಸ ಕಚೇರಿಯ ಮೇಡಂ ಹಿಂದಿನ ಸೀಟಿನಲ್ಲಿ ಕೂತು ನೋಡುತ್ತಾರೆ.

"ಪರೀಕ್ಷೆ ಬಿಡು, ನೀರು ಕುಡಿದಷ್ಟು ಸಲೀಸು," ಎಂದ ಮಾವ ಹೆಂಡತಿಗೆ. "ಎಷ್ಟು ಗೈಡ್‌ಗಳ ಬಾಯಿಂದ ಎಷ್ಟು ಸಲ ಕೇಳಿದೀನಿ. ನಿದ್ದೇಲಿ ಎಬ್ಬಿಸಿದ್ರೂ ಹೇಳ್ತೀನಿ."

ಹೆಂಡತಿ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಚುವ ಕೆಲಸದವಳು. ಮನೆಯಲ್ಲೂ ಏನು ಕೈಗೆ ಸಿಕ್ಕರೂ ಮೂಲೆಗೆ ಮೂಲೆ ಹೊಂದಿಸಿ ಮಡಚುವಳು. ನಡುಮನೆಯ ಕುರ್ಚಿ, ಸ್ಟೂಲು, ಅಕ್ಕಿ ಡಬ್ಬಿ ಎಲ್ಲವನ್ನೂ ಸಾಲಾಗಿ ಇಟ್ಟು, ತಾನು ಡಬ್ಬಿಯ ಮೇಲೆ ಕೂತು ಪ್ರವಾಸಿಯಾದಳು. ಮಾವ ಹಿಮ್ಮುಖವಾಗಿ ನಡೆಯುತ್ತ ಮಾತು ಒಪ್ಪಿಸಿದ. ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಂಡ.

"ಗೈಡಪ್ಪಾ, ಶೌಚಾಲಯ ಎಲ್ಲಿದೆ?" ಎಂದಳು.

"ಬೇರೆ ಏನಾದ್ರೂ ಕೇಳೇ."

"ಜನ ಮೊದಲು ಕೇಳೋದೇ ಅದನ್ನ. ನೋಡಿ, ಒಂದ್ಸಲ ಆ ಜಾಗಗಳಿಗೆಲ್ಲ ಹೋಗಿ ಬನ್ನಿ. ಹೋದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನೋಡೋದೇನಿದೆ ಅದರಲ್ಲಿ? ಕೇಳಿ ಕೇಳಿ ಕಿವಿ ಸವೆದುಹೋಗಿದೆ."

ಪರೀಕ್ಷೆಯ ದಿನ ವ್ಯಾನು ಓಡಿಸಲು ಬಂದವನು ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಬಾಯಿ ಸುಮ್ಮನಿರದ ಮನುಷ್ಯ. ಮಾವ ಅಭ್ಯಾಸಬಲದಿಂದ ನೇರ ಹೋಗಿ ಸ್ಟೇರಿಂಗಿನ ಬದಿಯ ಬಾಗಿಲು ತೆಗೆದಾಗ, "ಭಾವ, ಇವತ್ತು ನಿಮಗೆ ಬಾಯಿ ಕೆಲಸ. ಕೈ ಕೆಲಸ ನಂದು," ಎಂದ. ಹಿಂದಿನ ಸೀಟಿನಲ್ಲಿ ಮೇಡಂ ಆಗಲೇ ಪೆನ್ನು ಬಿಚ್ಚಿ ಕೂತಿದ್ದರು. ಮುಂದೆ ಕೋಲು ಹಿಡಿದ ಒಬ್ಬ ಅಜ್ಜಿ, ಪಕ್ಕದಲ್ಲಿ ಅವರ ತಮ್ಮನಾದ ಒಬ್ಬ ಅಜ್ಜ, ಅವರ ಹಿಂದೆ ಹೊಸದಾಗಿ ಮದುವೆಯಾದ ಜೋಡಿ, ಇನ್ನೊಂದಷ್ಟು ಜನ. ಅಜ್ಜನಿಗೆ, ಕೊಟ್ಟ ದುಡ್ಡಿಗೆ ತಕ್ಕದ್ದು ಸಿಗುತ್ತದೋ ಇಲ್ಲವೋ ಎಂಬ ಅನುಮಾನ ಮುಖದ ಮೇಲೇ ಇತ್ತು.

ವ್ಯಾನು ಹೊರಟದ್ದೇ ತಡ, ಮಾವನ ಬಾಯಿಂದ ಮಾತು ಹುರಿದ ಕಾಳಿನಂತೆ ಸಿಡಿಯತೊಡಗಿತು. ಉತ್ತರ ತೀರದಲ್ಲಿ ಬೆಳಿಗ್ಗೆಯೇ ಈಜಬೇಕು, ಮಧ್ಯಾಹ್ನದ ಮೇಲೆ ಸೆಳೆತ ಜಾಸ್ತಿ. ಕೆಂಪು ಬಾವುಟ ಕಂಡ ಕಡೆ ನೀರಿಗೆ ಇಳಿಯಬಾರದು. ಬಾಡಿಗೆ ಛತ್ರಿಗೆ ಮೊದಲು ಹೇಳಿದ ದರ ಯಾರೂ ಕೊಡುವುದಿಲ್ಲ, ಛತ್ರಿಯವನೂ ಅದನ್ನು ನಿರೀಕ್ಷಿಸುವುದಿಲ್ಲ. ಜನ ನಕ್ಕರು. ಹೊಸ ಜೋಡಿ ಕೈ ಕೈ ಹಿಡಿಯುವುದನ್ನೂ ಮರೆತು ಕೇಳಿತು. ಷಡ್ಡಕ ಕನ್ನಡಿಯಲ್ಲಿ ಹುಬ್ಬು ಹಾರಿಸಿದ. ಮೇಡಂ ಏನೋ ಬರೆದುಕೊಂಡರು, ಮುಖ ಸಡಿಲವಾಗಿತ್ತು.

ವ್ಯಾನು ನಿಂತಿತು. "ಬನ್ನಿ, ಇಳಿಯೋಣ, ಮುಂದಿನದನ್ನ ಅಲ್ಲೇ ತೋರಿಸ್ತೀನಿ," ಎಂದು ಮಾವ ಬಾಗಿಲು ಸರಿಸಿದ. ಮರಳದಿಬ್ಬ ಹತ್ತುತ್ತಿರುವಾಗ ಅವನಿಗೆ ಒಂದು ಸಂಗತಿ ಹೊಳೆಯಿತು. ಗೈಡುಗಳು ವ್ಯಾನಿನೊಳಗೆ ಹೇಳಿದ್ದನ್ನೆಲ್ಲ ಅವನು ಕೇಳಿದ್ದ. ಬಾಗಿಲು ತೆರೆದ ಮೇಲೆ ಹೇಳಿದ ಒಂದೇ ಒಂದು ಮಾತನ್ನೂ ಕೇಳಿರಲಿಲ್ಲ. "ಇಳಿಯೋಣ" ಎಂಬಲ್ಲಿಗೆ ಅವನ ಪಾಠ ಮುಗಿಯುತ್ತಿತ್ತು. ಮತ್ತೆ ಶುರುವಾಗುತ್ತಿದ್ದುದು ಎಲ್ಲರೂ ವಾಪಸು ಹತ್ತಿ, ಗೈಡು "ನೋಡಿದ್ರಲ್ಲ" ಎಂದಾಗಲೇ.

ದಿಬ್ಬದ ತುದಿ ಬಂತು. ಕೆಳಗೆ ಸಮುದ್ರವಿತ್ತು.

ರಸ್ತೆಯಿಂದ ಅವನು ಸಮುದ್ರವನ್ನು ದಿನಾ ನೋಡಿದವನೇ. ಮರಗಳ ಸಂದಿಯಲ್ಲಿ ಮಿನುಗಿ ಮಾಯವಾಗುವ ನೀಲಿ ಪಟ್ಟಿ ಅದು. ಇದು ಬೇರೆ. ದಡದ ಬಳಿ ಗಾಜಿನಂತೆ ತಿಳಿ, ಅದರಾಚೆ ಎಳೆ ಹಸಿರು, ಅದರಾಚೆ ಕಡು ನೀಲಿ. ಮೂರರ ನಡುವೆ ಯಾರೋ ಗೆರೆ ಎಳೆದಿಟ್ಟಂತೆ. ಮರಳು ಎರಡೂ ಕಡೆ ಕಣ್ಣು ಹಾಯುವವರೆಗೆ ಬಾಗಿಕೊಂಡು ಹೋಗಿತ್ತು. ಸೀಟಿನಡಿಯಿಂದ ಮುಷ್ಟಿ ಮುಷ್ಟಿ ಗುಡಿಸಿ ಹಾಕಿದ್ದ ಮರಳು ಇದರದ್ದೇ. ಮಾವ ಬಾಯಿ ತೆರೆದು ನಿಂತ.

"ಆಮೇಲೆ?" ಎಂದರು ಅಜ್ಜ.

"ನೋಡಿ," ಎಂದ ಮಾವ. ಅದಕ್ಕಿಂತ ಹೆಚ್ಚು ಅವನ ಬಳಿ ಏನೂ ಇರಲಿಲ್ಲ. ಮೇಡಂ ಬರೆದುಕೊಂಡರು.

ವ್ಯಾನು ಹತ್ತಿದ ಕೂಡಲೇ ಮಾತು ತಾನಾಗಿ ಮರಳಿ ಬಂತು. "ನೋಡಿದ್ರಲ್ಲ, ಆ ಒಂಟಿ ಬಂಡೆ, ಥೇಟ್ ಆನೆ ಮಲಗಿದ ಹಾಗೆ."

"ಯಾವ ಬಂಡೆ?" ಎಂದರು ಅಜ್ಜ. "ಅಕ್ಕಾ, ನೀನು ನೋಡಿದ್ಯಾ?"

"ನಾನು ಆನೇನೂ ನೋಡ್ಲಿಲ್ಲ, ಬಂಡೇನೂ ನೋಡ್ಲಿಲ್ಲ," ಎಂದರು ಅಜ್ಜಿ.

ಮಾವನೂ ನೋಡಿರಲಿಲ್ಲ. ಹಿಂದಿನ ಸೀಟಿನಲ್ಲಿ ಪೆನ್ನು ಬಹಳ ಹೊತ್ತು ಓಡಿತು. ಶೆಡ್ಡು, ನೀರಿನ ಪೈಪು, ರಬ್ಬರು ಬೂಟು ಒಂದರ ಹಿಂದೊಂದು ಅವನ ಕಣ್ಣ ಮುಂದೆ ಬಂದವು.

ಷಡ್ಡಕ ದನಿ ತಗ್ಗಿಸಿ, "ಭಾವ, ಒಳ್ಳೆ ಮೀನಿನಂಥ ಮಾತು ನಿಮ್ದು. ಮುಂದೆ ತಲೆ ಇದೆ, ಹಿಂದೆ ಬಾಲ ಇದೆ, ನಡುವೆ ಹೊಟ್ಟೇನೇ ಇಲ್ಲ," ಎಂದ.

ಛೇಡಿಸಲು ಆಡಿದ ಮಾತು. ಆದರೆ ಮಾವ ಅದನ್ನೇ ಹಿಡಿದುಕೊಂಡು ದಾರಿಯುದ್ದಕ್ಕೂ ಯೋಚಿಸಿದ. ಬಾಲ ಇದೆಯಲ್ಲ. ದೇವಸ್ಥಾನದಿಂದ ಬಂದವರಿಗೆ ಗೈಡುಗಳು ಹೇಳುತ್ತಿದ್ದುದು ಏನು? ನೋಡಿದ್ರಲ್ಲ, ದೋಣಿಯಲ್ಲಿ ಮಲಗಿದ ಆ ಹುಟ್ಟುಗಾರ. ಆಗ ವ್ಯಾನಿಗೆ ವ್ಯಾನೇ ನಗುತ್ತಿತ್ತು. ಯಾಕೆ ನಗುತ್ತಾರೆಂದು ಅವನಿಗೆ ಇವತ್ತಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಗೊತ್ತಿಲ್ಲದೆಯೂ ಚೆನ್ನಾಗಿಯೇ ಇದ್ದ. ಈಗ ಮಾತ್ರ ಅದನ್ನು ಈ ಕ್ಷಣವೇ ತಿಳಿಯಬೇಕು ಅನ್ನಿಸಿ ಕೂರಲಾಗಲಿಲ್ಲ.

ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಾಯುವ ಹೆಂಗಸು ಅವನ ಹಳೆಯ ಪರಿಚಯ. ಪಾರ್ಕಿಂಗಿನಲ್ಲಿ ಚಹಾ ಹಂಚಿಕೊಂಡು ಕುಡಿದ ಸ್ನೇಹ. ಅವನು ಬಗ್ಗಿ ಚಪ್ಪಲಿ ಬಿಚ್ಚುವುದನ್ನು ನೋಡಿ ಅವಳು ಸೊಂಟಕ್ಕೆ ಕೈಯಿಟ್ಟಳು. "ಎಲಾ ಕನ್ನಡಿ, ಇಷ್ಟು ದಿನಕ್ಕೆ ನಿನ್ನ ಚಪ್ಪಲಿ ನನ್ನ ಕೈಗೆ ಬಂತಲ್ಲೋ. ಕೊಡು, ಇದನ್ನ ಮೇಲಿನ ಸಾಲಲ್ಲೇ ಇಡ್ತೀನಿ."

ದೇವಸ್ಥಾನ ದೊಡ್ಡದಲ್ಲ, ಆದರೆ ಅದರ ಸುತ್ತಿನ ಹೊರಗೋಡೆ ದೊಡ್ಡದು. ಒಂದು ಬದಿಗೆ ಸಮುದ್ರ ತಾಗಿಕೊಂಡೇ ಇದೆ. ಗೋಡೆಯ ತುಂಬ ದೋಣಿಗಳ ಕೆತ್ತನೆ: ಬಲೆ ಬೀಸುವವರು, ಹಾಯಿ ಎತ್ತುವವರು, ಸಾಲು ಸಾಲು ಹುಟ್ಟುಗಾರರು. ಉಪ್ಪುಗಾಳಿ ತಿಂದು ಎಷ್ಟೋ ಮುಖಗಳಿಗೆ ಮೂಗಿಲ್ಲ. ಮಾವ ಒಮ್ಮೆ ಆ ಉದ್ದಕ್ಕೂ ಕಣ್ಣಾಡಿಸಿ, ಆಮೇಲೆ ಜನರ ಕಡೆ ತಿರುಗಿದ.

"ಈ ಗೋಡೆ ಮೇಲೆ ಇರೋರೆಲ್ಲ ಕೆಲಸ ಮಾಡ್ತಿದ್ದಾರೆ. ಒಬ್ಬ ಹುಟ್ಟುಗಾರ ಮಾತ್ರ ಮಲಗಿಬಿಟ್ಟಿದ್ದಾನೆ. ಅವನೆಲ್ಲಿದ್ದಾನೆ ಅಂತ ನಾನು ಹೇಳಲ್ಲ. ಹುಡುಕಿ. ನಾನೂ ಹುಡುಕ್ತೀನಿ."

"ಹೇಳೋಕೆ ತಾನೇ ನಿಮಗೆ ದುಡ್ಡು ಕೊಟ್ಟಿರೋದು?" ಎಂದರು ಅಜ್ಜ.

"ನೀವೇ ಮೊದಲು ಕಂಡುಹಿಡಿದ್ರೆ ದೋಣಿ ಸವಾರಿಯಲ್ಲಿ ಮುಂದಿನ ಸೀಟು ನಿಮಗೆ."

ಅಜ್ಜ ಕನ್ನಡಕ ಒರೆಸಿಕೊಂಡು ಹೊರಟೇಬಿಟ್ಟರು. ಮದುವೆಯ ಜೋಡಿ ಗೋಡೆಯನ್ನು ಎರಡು ಪಾಲು ಮಾಡಿಕೊಂಡು ಒಬ್ಬರು ಆ ತುದಿಯಿಂದ, ಒಬ್ಬರು ಈ ತುದಿಯಿಂದ ಬಂದರು. ಇನ್ನೊಂದು ವ್ಯಾನಿನವರು ಏನು ಕಳೆದಿದೆ ಎಂದು ಕೇಳಿ, ಉತ್ತರ ತಿಳಿದು ತಾವೂ ಸೇರಿಕೊಂಡರು. "ಇವನಾ?" "ಇವನು ಬಗ್ಗಿದ್ದಾನೆ, ಮಲಗಿಲ್ಲ." "ಇವನಿಗೆ ತಲೇನೇ ಇಲ್ಲ, ಮಲಗಿದ್ದಾನೋ ಎದ್ದಿದ್ದಾನೋ ಯಾರು ಹೇಳ್ಬೇಕು?" ಮಾವ ಎಲ್ಲರಿಗಿಂತ ಮುಂದೆ, ಮೂಗು ಕಲ್ಲಿಗೆ ತಾಗುವಷ್ಟು ಹತ್ತಿರ ಓಡಾಡುತ್ತಿದ್ದ. ಪಾರ್ಕಿಂಗಿನಿಂದ ಷಡ್ಡಕ ಹಾರನ್ ಒತ್ತಿದ್ದು ಕೇಳಿಸಿತು. ಜೀವಮಾನದಲ್ಲಿ ಒಂದು ನಿಲ್ದಾಣಕ್ಕೂ ತಡ ಮಾಡದ ಮಾವ, ಕೇಳಿಸದವನಂತೆ ಮುಂದಿನ ದೋಣಿಯ ಕೆತ್ತನೆಗೆ ಹೋದ.

ಕಂಡುಹಿಡಿದದ್ದು ಅಜ್ಜಿ. ಸುಸ್ತಾಗಿ ಗೋಡೆಯ ಕೆಳಗಿನ ಕಟ್ಟೆಯ ಮೇಲೆ ಕೂತವರು, ಕೋಲಿನಿಂದ ಮೊಣಕಾಲೆತ್ತರದ ಒಂದು ಮೂಲೆಯನ್ನು ತೋರಿಸಿದರು. "ಇಗೋ ನಿಮ್ಮ ಸೋಮಾರಿ. ನಿಂತು ನೋಡೋರಿಗೆ ಸಿಗ್ತಾನಾ ಇವನು?"

ಎಲ್ಲರೂ ಕುಕ್ಕರುಗಾಲಲ್ಲಿ ಕೂತರು. ಹತ್ತಾರು ಜನ ಬೆನ್ನು ಬಗ್ಗಿಸಿ ಹುಟ್ಟು ಎಳೆಯುತ್ತಿರುವ ದೋಣಿಯಲ್ಲಿ ಒಬ್ಬ ಮಾತ್ರ ಹಿಂದಕ್ಕೊರಗಿ, ತೋಳನ್ನೇ ದಿಂಬು ಮಾಡಿಕೊಂಡಿದ್ದ. ಒಂದು ಕಾಲು ದೋಣಿಯಿಂದ ಹೊರಗೆ ಇಳಿಬಿದ್ದಿತ್ತು. ಅವನ ಹೆಬ್ಬೆರಳನ್ನು ಒಂದು ಪುಟ್ಟ ಮೀನು ಕಚ್ಚುತ್ತಿತ್ತು. ಮಲಗಿದವನ ಮುಖದಲ್ಲಿ ಕಚಗುಳಿಯಾಗಿ ಇನ್ನೇನು ನಗಬೇಕು ಎಂಬ ಭಾವ. ಯಾರು ಮೊದಲು ನಕ್ಕರೋ, ನಗು ಗೋಡೆಯುದ್ದಕ್ಕೂ ಹಬ್ಬಿತು. ಮಾವ ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಪಕ್ಕದಲ್ಲಿ ಯಾರೋ ಮಂಡಿಯೂರಿದ್ದಾರೆಂದು ತಿರುಗಿದರೆ ಅದು ಮೇಡಂ. ಪೆನ್ನು ಕಿವಿಯ ಸಂದಿಗೆ ಹೋಗಿತ್ತು.

ಅಲ್ಲಿಂದ ಮುಂದೆ ಮಾವ ಗೈಡುಗಳ "ನೋಡಿದ್ರಲ್ಲ" ಎಂಬ ಬಾಲ ಹಿಡಿದೇ ಮೀನಿಗೆ ಹೊಟ್ಟೆ ಜೋಡಿಸಿದ. ಕಪ್ಪು ಕೊಲ್ಲಿಯಲ್ಲಿ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದ: ಅಲೆ ವಾಪಸು ಹೋಗುವಾಗ ಕಲ್ಲುಗಳು ಚಪ್ಪಾಳೆ ಹೊಡೆಯುತ್ತವೆ, ಅದು ಯಾವ ಕಡೆಯಿಂದ ಅಂತ ನೀವು ಹೇಳಿ. ಒಮ್ಮೆ ಏನೂ ಇಲ್ಲ. ಎರಡನೇ ಅಲೆ ಹಿಂದೆ ಸರಿದಾಗ ಎಡಗಡೆಯ ಬಂಡೆಯಡಿಯಿಂದ ಸಾವಿರ ಗೋಲಿಗಳು ಉರುಳಿದಂತೆ ಸದ್ದು ಬಂತು, ಎಲ್ಲರ ಕೈಯೂ ಒಟ್ಟಿಗೆ ಅತ್ತ ಚಾಚಿತು. ಹಿನ್ನೀರಿನ ದೋಣಿಯಲ್ಲಿ ಮುಂದಿನ ಸೀಟು ಅಜ್ಜಿಗೆ ಹೋಯಿತು. ಅಜ್ಜ ಮಾತ್ರ ಪ್ರತಿ ತಿರುವಿನಲ್ಲೂ, "ಇಲ್ಲಿ ಏನು ಹುಡುಕ್ಬೇಕು ಹೇಳಿ, ಈ ಸಲ ಬಿಡಲ್ಲ," ಎನ್ನುತ್ತಿದ್ದರು.

ಸಂಜೆ ಎಲ್ಲರನ್ನೂ ಇಳಿಸಿದ ಮೇಲೆ ಮೇಡಂ ಅವನನ್ನು ವ್ಯಾನಿನ ನೆರಳಿಗೆ ಕರೆದರು.

"ಒಂದು ಮಾತು ನೇರವಾಗಿ ಕೇಳ್ತೀನಿ. ಈ ಜಾಗಗಳಿಗೆ ನೀವು ಮುಂಚೆ ಹೋಗಿದ್ರಾ?"

"ವ್ಯಾನು ಹೋಗುವವರೆಗೆ ಹೋಗಿದ್ದೆ."

"ಹಾಗೇ ಅಂದ್ಕೊಂಡೆ." ಅವರು ಹಾಳೆ ತಿರುವಿದರು. "ಉತ್ತರ ತೀರದಲ್ಲಿ ನೀವು ಗೈಡ್ ಅಲ್ಲ, ಟಿಕೆಟ್ ತಗೊಂಡ ಪ್ರವಾಸಿ. ಅದಕ್ಕೆ ಸೊನ್ನೆ ಕೊಟ್ಟಿದ್ದೀನಿ. ದೇವಸ್ಥಾನಕ್ಕೆ ನಾನು ಎಷ್ಟೋ ಗೈಡ್‌ಗಳ ಜೊತೆ ಬಂದಿದ್ದೀನಿ. ಅವರೇ ಬೆರಳು ಮಾಡಿ ತೋರಿಸಿಬಿಡ್ತಾರೆ, ನೋಡಿ ಮುಂದೆ ಹೋಗ್ತೀವಿ. ಆ ಮೀನು ನನ್ನ ಕಣ್ಣಿಗೆ ಬಿದ್ದಿದ್ದು ಇವತ್ತೇ." ಸಹಿ ಹಾಕಿದರು. "ಬ್ಯಾಡ್ಜ್ ನಾಳೆ ಕಚೇರೀಲಿ ತಗೊಳ್ಳಿ. ಆದ್ರೆ ಮುಂದಿನ ಪ್ರವಾಸಕ್ಕೆ ಮೊದಲು ಹೋಗಿ ಆ ಆನೆ ಬಂಡೆ ಎಲ್ಲಿದೆ ಅಂತ ನೋಡ್ಕೊಂಡು ಬರಬೇಕು. ಇಲ್ದಿದ್ರೆ ಇವತ್ತಿನ ಆ ಅಜ್ಜ ನನ್ನನ್ನ ಸುಮ್ನೆ ಬಿಡಲ್ಲ."

ಮಾವ ತಲೆಯಾಡಿಸಿದ. ಷಡ್ಡಕ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಫೋನ್ ಮಾಡಿ ಭಾವ, ಅಲ್ಲೊಬ್ರು ಹಾಸಿಗೆ ಬಟ್ಟೆ ಬದಲು ತಮ್ಮ ಕೈಬೆರಳೇ ಮಡಚ್ತಾ ಕೂತಿರ್ತಾರೆ," ಎಂದ.

ಹೆಂಡತಿ ಮೊದಲ ರಿಂಗಿಗೇ ಎತ್ತಿದಳು. ಹಿಂದೆ ಲಾಂಡ್ರಿಯ ಯಂತ್ರಗಳ ಗುಡುಗುಡು.

"ಲೇ, ಕೇಳು," ಎಂದ ಮಾವ. "ಆ ದೇವಸ್ಥಾನದ ಗೋಡೆ ಮೇಲೆ ಒಬ್ಬ ಮಲಗಿದ್ದಾನೆ ಕಣೇ. ಸುತ್ತ ಎಲ್ಲರೂ ಬೆವರು ಸುರಿಸ್ತಿದ್ದಾರೆ, ಇವನು ತೋಳಿನ ಮೇಲೆ ತಲೆ ಇಟ್ಕೊಂಡು..."

"ರೀ, ಪರೀಕ್ಷೆ ಏನಾಯ್ತು?"

"ಹೇಳ್ತೀನಿ ಇರು. ಒಂದು ಕಾಲು ಹೊರಗೆ ಬಿಟ್ಟಿದ್ದಾನೆ. ಆ ಕಾಲಿನ ಹೆಬ್ಬೆರಳನ್ನ ಒಂದು ಮೀನು, ಇಷ್ಟೇ ಇಷ್ಟು ಮೀನು..."

"ಮೀನಿನ ಮನೆ ಹಾಳಾಗ. ಪಾಸೋ, ಶೆಡ್ಡೋ? ಮೊದಲು ಅದನ್ನ ಹೇಳಿ."

"ಪಾಸು, ಪಾಸು. ಅದಿರಲಿ, ಭಾನುವಾರ ನಿನಗೆ ರಜೆ ತಾನೇ? ಒಂದು ಬಂಡೆ ಹುಡುಕೋಕೆ ಹೋಗ್ಬೇಕು, ನೀನೂ ಬಾ. ನಾಲ್ಕು ಕಣ್ಣಿದ್ರೆ ಬೇಗ ಸಿಗುತ್ತೆ. ಈಗ ಆ ಮೀನಿನ ವಿಷಯ ಪೂರ್ತಿ ಕೇಳು."